ಹನ್ನೊಂದು ಮಕ್ಕಳೂ ಅಧ್ಯಕ್ಷೆ ಅತ್ತೆಯೂ

ನಮ್ಮ ಸೋದರತ್ತೆಗೆ ಹೆದರದ ಜೀವಗಳು ಬೂದಿಕೋಟೆ ಹೋಬಳಿಯಲ್ಲಿ ಎರಡೇ. ಒಂದು ಅವಳ ಸೀಮೆಹಸು. ಇನ್ನೊಂದು ಅದರ ಕರು. ಉಳಿದವರೆಲ್ಲ, ಅಂದರೆ ಬಸ್ ಕಂಡಕ್ಟರು, ಲೈನ್‌ಮನ್ನು, ಡೇರಿ ಸೆಕ್ರೆಟರಿ, ಅವಳ ಸ್ವಂತ ಅಣ್ಣನಾದ ನಮ್ಮಪ್ಪ ಕೂಡ, ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಇಂಥವಳ ಕೈಗೆ ಯಾರಾದರೂ ಅಧಿಕಾರ ಕೊಡುತ್ತಾರೆಯೇ? ನಮ್ಮೂರಿನವರು ಕೊಟ್ಟರು! ಅದೂ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ ಸ್ಥಾನವನ್ನು.

ಎಸ್‌ಡಿಎಂಸಿ ಎಂದರೆ ಶಾಲೆಯ ಮೇಲೆ ಕಣ್ಣಿಡಲು ಮಕ್ಕಳ ಪೋಷಕರೇ ತಮ್ಮೊಳಗಿಂದ ಆರಿಸಿಕೊಳ್ಳುವ ಸಮಿತಿ. ಅತ್ತೆಯ ಮಗಳೂ ಅಳಿಯನೂ ದಿನಾ ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಹಾಗಾಗಿ ಆರನೇ ತರಗತಿಯ ಮೊಮ್ಮಗಳಿಗೆ ಅತ್ತೆಯೇ ಪೋಷಕಿ. ಆವತ್ತು ಪೋಷಕರ ಸಭೆಯಲ್ಲಿ ಹೆಡ್‌ಮಾಸ್ಟರು "ಅಧ್ಯಕ್ಷರಾಗೋಕೆ ಯಾರು ಮುಂದೆ ಬರ್ತೀರಿ?" ಎಂದು ಕೇಳಿದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಅತ್ತೆ ಎದ್ದು ನಿಂತಳು. ಟಪಟಪ ಚಪ್ಪಾಳೆ! ಅಸಲು ವಿಷಯವೇನೆಂದರೆ, ಮೊಮ್ಮಗಳು ಬಿಸಿಯೂಟಕ್ಕೆ ಒಯ್ದ ಸ್ಟೀಲ್ ತಟ್ಟೆ ಕಳೆದುಹೋಗಿತ್ತು. ಅದನ್ನು ಕೇಳಲು ಎದ್ದಿದ್ದಳು ಅಷ್ಟೆ. ತಟ್ಟೆ ಸಿಗಲಿಲ್ಲ, ಕುರ್ಚಿ ಸಿಕ್ಕಿತು.

ಬಂಗಾರಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾನು ಅಂದಿನಿಂದ ಅವಳ ಅಘೋಷಿತ ಕಾರ್ಯದರ್ಶಿಯಾದೆ. ಅರ್ಜಿ ಬರೆಯುವವನು ನಾನು, ಸ್ಕೂಟರ್ ಓಡಿಸುವವನು ನಾನು, ಬೈಸಿಕೊಳ್ಳುವವನೂ ನಾನೇ.

ಮೊದಲ ಸಭೆಯಲ್ಲೇ ಯುದ್ಧ ಶುರು. ನಮ್ಮ ಶಾಲೆಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಸದಸ್ಯರು ಟೀ ಕುಡಿದು ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಹಾಕುವುದು, ಮೇಲ್ಗಡೆಯ ಠರಾವನ್ನು ಹೆಡ್‌ಮಾಸ್ಟರು ಬಿಡುವಾದಾಗ ಬರೆದುಕೊಳ್ಳುವುದು. ಪಾಪ, ಅವರು ಕೆಟ್ಟವರಲ್ಲ. ಬರೆಯುವ ಕೆಲಸ ಬೆಟ್ಟದಷ್ಟು. ಆದರೆ ಅತ್ತೆ ಬಿಡಬೇಕಲ್ಲ!

"ಖಾಲಿ ಆಳೆಗೆ ಸೈನಾ? ಏನ್ ಸಾ, ನಾನು ಖಾಲಿ ಕ್ಯಾನ್ ತಂದಿಟ್ಟು ಐದು ಲೀಟರ್ ಬರ್ಕೊ ಅಂದ್ರೆ ಡೇರಿ ಸೆಕ್ರೆಟ್ರಿ ಬರ್ಕೊತಾನಾ?"

ಅಂದಿನಿಂದ ಪ್ರತಿ ಠರಾವನ್ನೂ ಮೊಮ್ಮಗಳು ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಅತ್ತೆ ತಲೆಯಾಡಿಸಬೇಕು, ಆಮೇಲೆ ಸಹಿ. ಟೀ ಕೂಡ ಸಹಿಯಾದ ಮೇಲೆಯೇ! ಸಭೆಗಳು ತಾವಾಗಿಯೇ ಚುರುಕಾದವು.

ನಂತರ ತರಗತಿಗಳ ತನಿಖೆ. ಬೆಳಗಿನ ಹಾಲು ಕರೆದು ಡೇರಿಗೆ ಹಾಕಿ ನೇರವಾಗಿ ಶಾಲೆಗೆ ಬಂದು ಕೊನೆಯ ಸಾಲಿನಲ್ಲಿ ಕೂರುವಳು. ಅವಳಿಗೆ ಜಗತ್ತನ್ನು ಅಳೆಯಲು ಇರುವುದು ಒಂದೇ ಮಾಪನ, ಹಾಲು. ಒಬ್ಬ ಮೇಡಂ ಪಾಠ ಕೇಳಿ "ಚೆನ್ನಾಗದೆ, ಒಸಿ ನೀರು ಜಾಸ್ತಿ" ಎಂದಳು. ಹೆಡ್‌ಮಾಸ್ಟರರ ಸ್ವಾತಂತ್ರ್ಯ ದಿನದ ಭಾಷಣಕ್ಕೆ "ಬರೀ ನೊರೆ!" ಎಂಬ ತೀರ್ಪು ಬಂತು. ಆದರೆ ಲೆಕ್ಕದ ಮೇಷ್ಟ್ರ ತರಗತಿಯಲ್ಲಿ ಕೂತವಳು ಮಾತಾಡದೆ ಎದ್ದು ಬಂದಳು.

"ಏನತ್ತೆ, ಹೆಂಗಿದೆ?" ಎಂದೆ.

"ಅದು ಗಟ್ಟಿ ಎಮ್ಮೆ ಹಾಲು ಕಣ್ಲಾ! ಒಂದು ತೊಟ್ಟು ನೀರಿಲ್ಲ."

ಈ ಲೆಕ್ಕದ ಮೇಷ್ಟ್ರು ಕೆಜಿಎಫ್‌ನವರು. ಗಣಿಯಲ್ಲಿ ದುಡಿದವರ ಮಗ, ಮನೆಮಾತು ತಮಿಳು. ಎರಡು ಬಸ್ಸು ಬದಲಿಸಿ ದಿನಾ ನಮ್ಮೂರಿಗೆ ಬರುವವರು. ಸಣಕಲು ಮೈ, ಮೆತ್ತನೆಯ ದನಿ. ಅವರು ಗದರಿದ್ದನ್ನು ಯಾರೂ ಕೇಳಿಲ್ಲ. ಆದರೆ ಅವರ ಪೀರಿಯಡ್ಡಿಗೆ ಗಂಟೆ ಹೊಡೆದರೆ ಮಕ್ಕಳು ಮೈದಾನದಿಂದ ಒಳಕ್ಕೆ ಓಡುತ್ತಾರೆ! ಇಂಥ ವಿಚಿತ್ರವನ್ನು ನಾನು ಓದುವಾಗ ಕಂಡಿರಲಿಲ್ಲ, ನಾವು ಓಡುತ್ತಿದ್ದ ದಿಕ್ಕೇ ಬೇರೆ.

ಇಷ್ಟರಲ್ಲಿ ಬಂತು ನೋಡಿ ಸುತ್ತೋಲೆ. ಹೆಡ್‌ಮಾಸ್ಟರು ಬೆವರು ಒರೆಸಿಕೊಳ್ಳುತ್ತ ವಿವರಿಸಿದರು. ಶಾಲೆಗೆ ಎಷ್ಟು ಮೇಷ್ಟ್ರು ಎನ್ನುವುದು ಮಕ್ಕಳ ಸಂಖ್ಯೆಯ ಮೇಲೆ. ತೊಂಬತ್ತೊಂದು ಮಕ್ಕಳಿದ್ದರೆ ಈಗಿರುವಷ್ಟು ಹುದ್ದೆ ಉಳಿಯುತ್ತದೆ. ಇರುವುದು ಎಂಬತ್ತು. ಹಾಗಾಗಿ ಒಬ್ಬರು 'ಹೆಚ್ಚುವರಿ'. ಎಲ್ಲರಿಗಿಂತ ಕೊನೆಗೆ ಬಂದವರು ಲೆಕ್ಕದ ಮೇಷ್ಟ್ರು, ಆದ್ದರಿಂದ ಹೋಗಬೇಕಾದವರೂ ಅವರೇ.

"ಎಚ್ಚುವರಿನಾ? ಇರೋ ಒಬ್ಬ ಲೆಕ್ಕದ ಮೇಷ್ಟ್ರು ಎಚ್ಚುವರಿ ಎಂಗಾಯ್ತಾನೆ?" ಅತ್ತೆ ಸೆರಗು ಸಿಕ್ಕಿಸಿದಳು. ನಾನು ಸ್ಕೂಟರ್ ತೆಗೆದೆ.

ಬಂಗಾರಪೇಟೆಯ ಬಿಇಓ ಸಾಹೇಬರು ಸಮಾಧಾನದ ಮನುಷ್ಯ. ಅರ್ಜಿ ಪೂರ್ತಿ ಓದಿ, "ನೋಡಮ್ಮ, ಮಕ್ಕಳಿದ್ದ ಕಡೆ ಮೇಷ್ಟ್ರನ್ನ ಕೊಡಬೇಕು. ಮಕ್ಕಳೇ ಇಲ್ಲದ ಕಡೆ ನಾನು ಹೇಗೆ ಇಟ್ಕೊಳ್ಳಲಿ?" ಎಂದರು.

ಅತ್ತೆ ಮೇಜು ಗುದ್ದುತ್ತಾಳೆಂದು ನಾನು ಹಿಂದಕ್ಕೆ ಸರಿದೆ. ಅವಳು ಮಾತ್ರ ಒಂದು ಕ್ಷಣ ಯೋಚಿಸಿ, "ನೀವೇಳೋದು ನ್ಯಾಯವಾಗೇ ಅದೆ ಸಾ. ಒಂದು ತಿಂಗ್ಳು ಟೈಮ್ ಕೊಡಿ" ಎಂದುಬಿಟ್ಟಳು! ಒಬ್ಬ ಅಧಿಕಾರಿಯ ಮಾತನ್ನು ಅವಳು ಒಪ್ಪಿದ್ದನ್ನು ಕಂಡ ಏಕೈಕ ಸಾಕ್ಷಿ ನಾನು. ಹೇಳಿದರೆ ಊರಲ್ಲಿ ಯಾರೂ ನಂಬಲಿಲ್ಲ.

"ತಿಂಗಳಲ್ಲಿ ಹನ್ನೊಂದು ಮಕ್ಕಳು ಅಂದ್ರೆ ಏನಮ್ಮಾ? ಕೋಳಿ ಹಿಡ್ಕೊಂಡು ಬಂದಂಗಾ?" ಎಂದು ಹೆಡ್‌ಮಾಸ್ಟರು ಅಲವತ್ತುಕೊಂಡರು.

"ಕೋಳಿ ಇಡಿಯೋದು ಕಷ್ಟ ಸಾ, ಓಡ್ತವೆ" ಎಂದಳು ಅತ್ತೆ.

ಮಕ್ಕಳು ಎಲ್ಲಿದ್ದಾರೆಂಬುದು ಊರಿಗೇ ಗೊತ್ತು. ಬೆಳಗ್ಗೆ ಎಂಟಕ್ಕೆ ಹಳದಿ ವ್ಯಾನೊಂದು ಬಂದು ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಪಟ್ಟಣದ ಇಂಗ್ಲೀಷ್ ಸ್ಕೂಲಿಗೆ ಹೋಗುತ್ತಿತ್ತು. ಅವರ ಅಪ್ಪ ಅಮ್ಮಂದಿರು ಅದಕ್ಕೂ ಮುಂಚೆ ಸೇರುವ ಜಾಗ ಹಾಲಿನ ಡೇರಿ. ಒಂದು ಬೆಳಗ್ಗೆ ಡೇರಿಯಲ್ಲಿ ಕರೆಂಟು ಹೋಯಿತು. ಕಂಪ್ಯೂಟರು ಸತ್ತಿತು. ಹೊರಗೆ ಟ್ಯಾಂಕರಿನವನು ಹಾರನ್ ಬಾರಿಸುತ್ತಿದ್ದಾನೆ, ಒಳಗೆ ಸೆಕ್ರೆಟರಿ ಒಟ್ಟು ಲೀಟರಿನ ಲೆಕ್ಕ ಕೂಡಲು ಬೆರಳು ಮಡಚುತ್ತ ಮೂರು ಸಲ ತಪ್ಪಿದ್ದಾನೆ. ಆಗ ಆಕಸ್ಮಿಕವೋ ಎಂಬಂತೆ ಅತ್ತೆಯ ಮೊಮ್ಮಗಳು ಮೂವರು ಗೆಳತಿಯರೊಂದಿಗೆ ಅಲ್ಲೇ ನಿಂತಿದ್ದಳು. ಪುಸ್ತಕ ಈಸಿಕೊಂಡು ಸಾಲು ಹಂಚಿಕೊಂಡು ಕೂಡಿದರು, ಅದಲುಬದಲು ಮಾಡಿ ತಾಳೆ ನೋಡಿದರು, ಟ್ಯಾಂಕರಿನವನು ಬೀಡಿ ಮುಗಿಸುವಷ್ಟರಲ್ಲಿ ಪುಸ್ತಕ ಹಿಂದಕ್ಕೆ ಕೊಟ್ಟರು. ಆಮೇಲೆ ಕರೆಂಟು ಬಂದು ಕಂಪ್ಯೂಟರೂ ಅದೇ ಉತ್ತರ ಹೇಳಿತು! ಆವತ್ತು ಊರಿನಲ್ಲಿ ಇನ್ನೆಲ್ಲೂ ಕರೆಂಟು ಹೋಗಿರಲಿಲ್ಲ ಎಂದು ಲೈನ್‌ಮನ್ನು ಈಗಲೂ ಗೊಣಗುತ್ತಾನೆ. ಅತ್ತೆಯನ್ನು ಕೇಳಿದರೆ "ಫ್ಯೂಜು ಅಂದ್ರೆ ಏನ್ಲಾ?" ಎನ್ನುತ್ತಾಳೆ.

"ಲೆಕ್ಕ ಸರಿ ಬುಡಕ್ಕ, ಇಂಗ್ಲೀಷು?" ಎಂದಳು ಸಾಲಿನಲ್ಲಿದ್ದ ಒಬ್ಬ ತಾಯಿ.

ಅಷ್ಟು ಸಾಕಿತ್ತು. ಆವತ್ತು ಅದೇಕೋ ಮೊದಲ ಬಸ್ಸಿಗೇ ಬಂದಿಳಿದ ಲೆಕ್ಕದ ಮೇಷ್ಟ್ರನ್ನು ಅತ್ತೆ ಡೇರಿ ಮುಂದೆ ತಂದು ನಿಲ್ಲಿಸಿದಳು.

"ಸಾ, ಇಂಗ್ಲೀಷ್ ಮಾತಾಡಿ!"

"ಏನಂತ ಮಾತಾಡ್ಲಿಮ್ಮಾ?"

"ಏನಾರಾ! ಬೈಯಿರಿ ಬೇಕಾದ್ರೆ!"

ಮೇಷ್ಟ್ರು ನಾಚಿಕೊಂಡರು. ಅತ್ತಿತ್ತ ನೋಡಿ, ಎದುರಿಗಿದ್ದ ಹಸುವಿನ ಬಗ್ಗೆಯೇ ಎರಡು ನಿಮಿಷ ತಡವರಿಸದೆ ಮಾತಾಡಿದರು. ಬ್ರಿಟಿಷರು ಕಟ್ಟಿದ ಕೆಜಿಎಫ್‌ನವರ ಇಂಗ್ಲೀಷು, ಕೇಳಬೇಕೇ! ನಮಗೆ ಅರ್ಥವಾಗಲಿಲ್ಲ, ಹಸುವಿಗಂತೂ ಹೆಮ್ಮೆಯಾದಂತಿತ್ತು. ನಂತರ ಮಕ್ಕಳನ್ನು ಇಂಗ್ಲೀಷಿನಲ್ಲೇ ಏನೋ ಕೇಳಿದರು. ನಾಲ್ವರೂ ಇಂಗ್ಲೀಷಿನಲ್ಲೇ ಉತ್ತರ ಕೊಟ್ಟರು. ದಿನಾ ಕೊನೆಯ ಪೀರಿಯಡ್ಡಿನಲ್ಲಿ ಅವರು ಇದನ್ನೂ ಕಲಿಸುತ್ತಿದ್ದುದು ಯಾರಿಗೂ ತಿಳಿದಿರಲಿಲ್ಲ. ಅವರೇ ಹೇಳಿಕೊಳ್ಳುವ ಪೈಕಿಯವರಲ್ಲ.

ವಾರದೊಳಗೆ ಒಂಬತ್ತು ಮಕ್ಕಳು ವ್ಯಾನಿನಿಂದ ಇಳಿದು ನಮ್ಮ ಶಾಲೆಗೆ ಬಂದರು. ಇನ್ನೆರಡು! ಊರನ್ನು ಜಾಲಾಡಿದರೂ ಮಗುವೆಂಬುದು ಉಳಿದಿರಲಿಲ್ಲ. ಹೊಸದಾಗಿ ಮದುವೆಯಾದವರನ್ನು ಕೂಡ ಅತ್ತೆ ಗುರಾಯಿಸಿ ನೋಡತೊಡಗಿದ್ದಳು.

ಕೊನೆಗೆ ಸಿಕ್ಕವರು ಊರಾಚೆ ಕಾಮಸಮುದ್ರದ ರಸ್ತೆಯ ಇಟ್ಟಿಗೆ ಗೂಡಿನಲ್ಲಿ. ಆಂಧ್ರದ ಕಡೆಯಿಂದ ಕೂಲಿಗೆ ಬಂದಿದ್ದ ಸಂಸಾರ. ಎಂಟು, ಒಂಬತ್ತು ವಯಸ್ಸಿನ ಅಕ್ಕತಂಗಿಯರು ಹಸಿ ಇಟ್ಟಿಗೆ ಮಗುಚಿ ಹಾಕುತ್ತಿದ್ದರು. ಅತ್ತೆ ಮೇಷ್ಟ್ರನ್ನೂ ಕರೆದುಕೊಂಡು ಹೋಗಿ ತೆಲುಗಿನಲ್ಲಿ ಶುರು ಮಾಡಿದಳು. ಜಗಳ ಆಗಬಹುದೆಂದು ನಾನು ಸ್ಕೂಟರ್ ಆಫ್ ಮಾಡಿರಲಿಲ್ಲ. ಆದರೆ ಆ ತಾಯಿ ಎಲ್ಲ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು. "ಮಮ್ಮಲ್ನಿ ಎವರೂ ಪಿಲವಲೇದಮ್ಮಾ." ನಮ್ಮನ್ನು ಯಾರೂ ಕರೆಯಲೇ ಇಲ್ಲ ಎಂದು.

ಮರುದಿನ ಬೆಳಗ್ಗೆ ಅತ್ತೆಯೇ ಇಬ್ಬರಿಗೂ ತಲೆ ಬಾಚಿ ಕೈಹಿಡಿದು ನಡೆಸಿಕೊಂಡು ಬಂದಳು.

ತಿಂಗಳ ಕೊನೆಗೆ ಬಿಇಓ ಸಾಹೇಬರು ಖುದ್ದಾಗಿ ಜೀಪಿನಲ್ಲಿ ಬಂದರು. "ಹನ್ನೊಂದು ಮಕ್ಕಳು ಒಂದೇ ತಿಂಗಳಲ್ಲಿ! ಕಾಗದದ ಮೇಲಿನ ಮಕ್ಕಳಲ್ಲ ತಾನೆ?" ಎಂದು ನಗುತ್ತಲೇ ಕೇಳಿದರು.

"ಜೀವ ಇರೋ ಮಕ್ಕಳು ಸಾ. ಎಣಿಸ್ಕೊಳ್ಳಿ."

ಮೈದಾನದಲ್ಲಿ ಸಾಲು ನಿಂತಿತು. ಸಾಹೇಬರು ಎಣಿಸಿದರು. ತೊಂಬತ್ತು. ಜೊತೆಗೆ ಬಂದಿದ್ದ ಗುಮಾಸ್ತರು ಎಣಿಸಿದರು. ತೊಂಬತ್ತು! ಹೆಡ್‌ಮಾಸ್ಟರರ ಮುಖ ಬಿಳಿಚಿತು. ಅತ್ತೆ ಸಾಲಿನ ಉದ್ದಕ್ಕೂ ಒಮ್ಮೆ ನೋಡಿ, "ಲೇ, ಇಟ್ಟಿಗೆ ಗೂಡಿನ ದೊಡ್ಡೋಳೆಲ್ಲಿ?" ಎಂದು ಕೂಗಿದಳು. ಹುಡುಕಿ ಹುಡುಕಿ ಸುಸ್ತು. ಕೊನೆಗೆ ಅವಳು ಸಿಕ್ಕಿದ್ದು ಅಡುಗೆಮನೆಯಲ್ಲಿ, ಮೊಟ್ಟೆ ಬೇಯುತ್ತಿದ್ದ ದೊಡ್ಡ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ.

"ಇಲ್ಲೇನು ಮಾಡ್ತಿದ್ದೀಯಮ್ಮ?" ಎಂದರು ಸಾಹೇಬರು.

"ತೊಂಭೈ ಒಕಟಿ!" ಎಂದಳು ಹುಡುಗಿ.

ತೊಂಬತ್ತೊಂದು! ಅಡುಗೆಯವಳು ಪಾತ್ರೆಗೆ ಹಾಕುವಾಗ ಹುಡುಗಿ ಒಂದೊಂದೇ ಮೊಟ್ಟೆ ಎಣಿಸಿದ್ದಾಳೆ, ತನ್ನದು ಬಿಟ್ಟುಹೋದೀತೆಂದು! ನಮ್ಮ ಶಾಲೆಯಲ್ಲಿ ಮೊಟ್ಟೆ ಬೇಡ, ಬಾಳೆಹಣ್ಣು ಬೇಕೆಂದು ಬರೆಸಿದ ಮಗು ಒಂದೂ ಇಲ್ಲ. ಅಂದಮೇಲೆ ತಲೆಗೊಂದರಂತೆ ಮೊಟ್ಟೆಗಳೂ ಸಾಕ್ಷಿ ಹೇಳಿದಂತಾಯಿತು. ಸಾಹೇಬರು ಹೊಟ್ಟೆ ಹಿಡಿದು ನಕ್ಕು ಅಲ್ಲೇ, ಅಡುಗೆಮನೆಯ ಕಟ್ಟೆಯ ಮೇಲೇ ಪುಸ್ತಕವಿಟ್ಟು ಸಹಿ ಹಾಕಿದರು. ಹುದ್ದೆ ಉಳಿಯಿತು!

ಆವತ್ತಿನ ಸಂಭ್ರಮ ಏನು ಹೇಳಲಿ? ಮಕ್ಕಳು ಕುಣಿದರು, ಹೆಡ್‌ಮಾಸ್ಟರು ಕುಣಿಯುವವರಂತೆ ನಿಂತರು, ಡೇರಿ ಸೆಕ್ರೆಟರಿ ಸೇವಂತಿಗೆ ಹಾರ ತಂದು ಅತ್ತೆಗೆ ಹಾಕಿಸಿದ. ಹಾಲಿನ ಸಾಲಿನಲ್ಲಿ "ಇಂಗ್ಲೀಷು?" ಎಂದು ಕೇಳಿದ್ದ ಆ ತಾಯಿಯೇ ಎಲ್ಲರಿಗೂ ಪಾಯಸ ಹಂಚಿದಳು.

ಆ ಗದ್ದಲದಲ್ಲಿ ಹೆಡ್‌ಮಾಸ್ಟರು ಸುಮ್ಮನೆ ಒಂದು ಮಾತು ಆಡಿಬಿಟ್ಟರು. "ಮೇಷ್ಟ್ರದ್ದು ದೊಡ್ಡ ಮನಸ್ಸಮ್ಮ. ಇಲ್ಲಿ ಹೆಚ್ಚುವರಿ ಆಗಿದ್ದಿದ್ರೆ ಅವರಿಗೆ ಕೆಜಿಎಫ್‌ನಲ್ಲೇ, ಮನೆ ಪಕ್ಕದ ಸ್ಕೂಲು ಸಿಗೋದು. ತಾಯಿಗೆ ಕಣ್ಣು ಕಾಣಲ್ಲ, ಹಗಲೆಲ್ಲ ಒಬ್ಬರೇ ಇರ್ತಾರೆ. ಆದ್ರೂ ಒಂದು ದಿನ ಬಾಯಿ ಬಿಡಲಿಲ್ಲ ನೋಡಿ."

ಅತ್ತೆ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು. ಮೇಷ್ಟ್ರ ಹತ್ತಿರ ಹೋಗಿ, "ನಿಜವಾ ಸಾ? ಓಗ್ಬೇಕು ಅಂತ ಇತ್ತಾ?" ಎಂದಳು. ಮೇಷ್ಟ್ರು ತಲೆ ತಗ್ಗಿಸಿ, "ಹನ್ನೆರಡು ವರ್ಷದ ಸರ್ವೀಸಲ್ಲಿ ನಾನು ಬೇಕು ಅಂತ ಯಾರೂ ಆಫೀಸಿಗೆ ಹೋಗಿರಲಿಲ್ಲಮ್ಮಾ. ನೀವು ಹೋದ್ರಿ. ಆಮೇಲೆ ನಾನೇನು ಹೇಳಲಿ?" ಎಂದರು.

ಭಾನುವಾರ ಬೆಳಗ್ಗೆಯೇ ಅತ್ತೆ ನನ್ನ ಸ್ಕೂಟರಿನ ಹಿಂದೆ ಕೂತಳು. ಮಡಿಲಲ್ಲಿ ತುಪ್ಪದ ಡಬ್ಬಿ. ಗಣಿ ಕಾಲೊನಿಯ ಸಾಲುಮನೆಯೊಂದರ ಬಾಗಿಲಲ್ಲಿ ಮೇಷ್ಟ್ರ ತಾಯಿ ಕೂತಿದ್ದರು. ಹೆಜ್ಜೆ ಸದ್ದಿಗೆ ಮುಖ ಎತ್ತಿ "ವಾಂಗಮ್ಮಾ, ಬಾಮ್ಮಾ" ಎಂದು ಕೈಚಾಚಿದರು. ಅತ್ತೆ ಅವರ ಪಕ್ಕ ನೆಲದ ಮೇಲೆಯೇ ಕೂತು ಆ ಕೈ ಹಿಡಿದುಕೊಂಡಳು. ಯಾರಿಗೂ ತಪ್ಪಾಯಿತು ಎಂದವಳಲ್ಲ ನಮ್ಮತ್ತೆ.

"ನಿಮ್ಮ ಮಗನ್ನ ನಾನು ಇಟ್ಕೊಂಬುಟ್ಟೆ ತಾಯಿ. ನಂಗೆ ಗೊತ್ತಿರಲಿಲ್ಲ."

ಆ ತಾಯಿ ಅತ್ತೆಯ ಕೈಯನ್ನು ತಡವಿದರು, ದಿನಾ ಹಾಲು ಕರೆದು ಒರಟಾದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು.

"ಪರವಾಯಿಲ್ಲೆ, ಇಟ್ಕೊಮ್ಮಾ. ಸಾಯಂಕಾಲ ಮಾತ್ರ ಬೇಗ ಕಳ್ಸಿಬಿಡು."

ಈಗ ದಿನಾ ಸಂಜೆ ಶಾಲೆ ಬಿಟ್ಟೊಡನೆ ಅತ್ತೆ ಬಸ್‌ಸ್ಟಾಪಿನಲ್ಲಿ ಇರುತ್ತಾಳೆ. ಯಾವುದೋ ಮಗು ಲೆಕ್ಕ ಕೇಳುತ್ತ ನಿಂತು ಮೇಷ್ಟ್ರು ತಡವಾದರೆ, ಬಸ್ಸಿನ ಮುಂದೆ ರಸ್ತೆಯ ನಡುವೆ ನಿಲ್ಲುತ್ತಾಳೆ. ಕಂಡಕ್ಟರು ಮೆಲ್ಲಗೆ ಇಂಜಿನ್ ಆಫ್ ಮಾಡಿಸುತ್ತಾನೆ. ಮೇಷ್ಟ್ರು ಓಡಿ ಬಂದು ಹತ್ತಿ, ಕಿಟಕಿ ಪಕ್ಕ ಕೂತಿದ್ದು ಕಂಡ ಮೇಲೆಯೇ ಅವಳು ದಾರಿ ಬಿಡುವುದು.