ದೊಡ್ಡಮ್ಮನ ಪಿಸ್ತೂಲು ಲೈಸೆನ್ಸು

ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಬಸ್ಸು ಕೆಡದಿದ್ದರೆ ನಾವು ನಿದ್ದೆ ಹೋಗಿ, ಇಳಿಯಬೇಕಾದ ಚಿಕ್ಕಬಳ್ಳಾಪುರ ದಾಟಿ, ಪೆರೇಸಂದ್ರದಲ್ಲಿ ಕಣ್ಣು ಬಿಡಬಹುದು. ಸಾಹೇಬರು ರಜೆಯಲ್ಲಿರಬಹುದು, ರಜೆಯಲ್ಲಿಲ್ಲದೆ ಕೋಪದಲ್ಲಿರಬಹುದು. ಅರ್ಜಿಗೆ ಹಚ್ಚಿದ ಸ್ಟಾಂಪು ಸಾಲದೆ ಹೋಗಬಹುದು. ದೊಡ್ಡಮ್ಮ ಅಲ್ಲಿಯ ಗುಮಾಸ್ತರಿಗೂ ತೆಲುಗಿನಲ್ಲಿ ಬಯ್ಯಬಹುದು. ಗುಮಾಸ್ತರಿಗೆ ತೆಲುಗು ಬರಬಹುದು! ಪಿಸ್ತೂಲಿನೊಳಗೆ ಯಾರಿಗೂ ಗೊತ್ತಿಲ್ಲದೆ ಒಂದು ಗುಂಡು ಉಳಿದಿರಬಹುದು. ಅದು ಹಾರಬಹುದು. ಹಾರಿ ಸಾಹೇಬರಿಗೆ ತಗಲಬಹುದು. ಸಾಹೇಬರಿಗೆ ತಗಲದಿದ್ದರೆ ಪಕ್ಕದಲ್ಲಿ ನಾನಿದ್ದೇ ಇರುತ್ತೇನೆ. ನನಗೆ ತಗಲಿದರೆ ಆ ದಿನವನ್ನು ಸಾಂದರ್ಭಿಕ ರಜೆ ಎಂದು ಬರೆಯುತ್ತಾರೋ, ಕಾಯಿಲೆ ರಜೆ ಎಂದೋ?

ಚಿಕ್ಕಬಳ್ಳಾಪುರಕ್ಕೆ ಹೊರಡುವ ಮುನ್ನಾದಿನ ಇಂಥ ಇಪ್ಪತ್ತಮೂರು ಅಪಾಯಗಳನ್ನು ನೋಟುಪುಸ್ತಕದಲ್ಲಿ ಅಂಕಿ ಹಾಕಿ ಬರೆದುಕೊಂಡಿದ್ದೆ. ಆಗ ನಾನು ಗೌರಿಬಿದನೂರಿನಲ್ಲಿ ಮೇಷ್ಟರು. ಮಕ್ಕಳಿಗೆ ಧೈರ್ಯದ ಮೇಲೆ ಪ್ರಬಂಧ ಬರೆಸಿ, ಪಟಾಕಿ ಸದ್ದಿಗೆ ಬಾಗಿಲು ಹಾಕಿಕೊಳ್ಳುವ ಜಾತಿ. ರಜೆ ಅರ್ಜಿಯಲ್ಲಿ ಸತ್ಯವನ್ನೇ ಬರೆಯಬೇಕೆಂದು "ದೊಡ್ಡಮ್ಮನ ಪಿಸ್ತೂಲಿನ ನಿಮಿತ್ತ" ಎಂದು ಬರೆದೆ. ಹೆಡ್‌ಮಾಸ್ಟರು ಎರಡು ಸಲ ಓದಿ, ನನ್ನ ಮುಖ ನೋಡಿ, ಕೇಳದೆಯೇ ಇನ್ನೊಂದು ದಿನ ಸೇರಿಸಿ ಕೊಟ್ಟರು.

ಇಡೀ ಕೋಲಾರ ಜಿಲ್ಲೆಯಲ್ಲಿ ಆಯುಧದ ಅಗತ್ಯವೇ ಇಲ್ಲದ ಹೆಂಗಸು ಯಾರಾದರೂ ಇದ್ದರೆ ಅದು ನನ್ನ ದೊಡ್ಡಮ್ಮ. ಅವಳ ಬಾಯಿ ಸಾಕಾಗಿತ್ತು. ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಎರಡೆಕರೆ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ತವರು ಚಿಂತಾಮಣಿಯ ಕಡೆ. ಆದ್ದರಿಂದ ಪ್ರೀತಿ ಕನ್ನಡದಲ್ಲಿ, ಕೋಪ ತೆಲುಗಿನಲ್ಲಿ. ಗೂಡು ಕೊಳ್ಳಲು ಬರುವ ವ್ಯಾಪಾರಿಗಳು ಅವಳು ಯಾವ ಭಾಷೆಯಲ್ಲಿದ್ದಾಳೆಂದು ಬೇಲಿಯಾಚೆಯೇ ನಿಂತು ಕೇಳಿಕೊಂಡು ಒಳಗೆ ಬರುತ್ತಿದ್ದರು. ಅಂಥವಳು ಅರವತ್ತರ ಆಸುಪಾಸಿನ ವಯಸ್ಸಿನಲ್ಲಿ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದಳು. ಅದೂ ಹೇಗೆ? ತರಬೇತಿಯಿಂದ ವಿನಾಯಿತಿ ಬೇಕು ಎಂದು! ಅವಳ ಹೆಸರು ಮಾತ್ರ ನಾನು ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಪಿಸ್ತೂಲು ದೊಡ್ಡಪ್ಪನದು. ಯುದ್ಧಕ್ಕೆ ಹೋಗಿ ಬಂದವರು. ಮಾತು ಕಡಿಮೆ, ಗತ್ತು ಜಾಸ್ತಿ. ಬೇಸಿಗೆಯಲ್ಲೂ ಕೋಟು, ಬಲಗೈ ಸದಾ ಅದರ ಜೇಬಿನಲ್ಲಿ. ನೆಂಟರ ಪಂಕ್ತಿಯಲ್ಲಿ ಊಟಕ್ಕೆ ಕೂತವರಲ್ಲ. ಎಲ್ಲರದೂ ಆದಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುವುದು. "ಮಿಲಿಟರಿಗೆ ಹೋಗ್ಬಂದ್ಮೇಲೆ ನಮ್ಮ ಪಕ್ಕ ಕೂರಕ್ಕೆ ನಾಚಿಕೆ ಕಣಪ್ಪ ನಮ್ಮಣ್ಣಂಗೆ" ಎಂದು ಸೋದರತ್ತೆ ಮೂತಿ ತಿರುವುತ್ತಿದ್ದಳು.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಪಿಸ್ತೂಲಿಗೂ ಮಣೆ. ಕುಡುಗೋಲು, ಈಳಿಗೆ, ಸೊಪ್ಪು ಕೊಚ್ಚುವ ಕತ್ತಿ, ಇವುಗಳ ಸಾಲಿನಲ್ಲಿ ಅದೂ ಅರಿಸಿನ ಕುಂಕುಮ ಹಚ್ಚಿಕೊಂಡು ಮದುವಣಗಿತ್ತಿಯ ಹಾಗೆ ಕೂತಿರುತ್ತಿತ್ತು. ಮಂಗಳಾರತಿಯಾದ ಮೇಲೆ ದೊಡ್ಡಪ್ಪ ಅದನ್ನೆತ್ತಿಕೊಂಡು ಹಿತ್ತಲಿಗೆ ಹೋಗುವರು. ಯಾರೂ ಹಿಂದೆ ಹೋಗುವಂತಿರಲಿಲ್ಲ. "ನೋಡೋರಿದ್ರೆ ಗುರಿ ತಪ್ಪತ್ತೆ" ಎಂದು ಕಟ್ಟಪ್ಪಣೆ. ಸ್ವಲ್ಪ ಹೊತ್ತಿಗೆ ಢಂ! ನಡುಮನೆಯಲ್ಲಿ ಕೂತ ನಾವೆಲ್ಲ ಎದೆ ಹಿಡಿದುಕೊಳ್ಳುವೆವು. ದೊಡ್ಡಪ್ಪ ನಡುವೆ ತೂತು ಬಿದ್ದ ಮಡಕೆ ಹಿಡಿದು ಒಳಗೆ ಬರುವರು. "ಆಹಾ, ಕೈ ಅಂದ್ರೆ ಕೈ!" ಎಂದು ಊರ ಹಿರಿಯರು ತಲೆದೂಗುವರು. ಆ ಹೊತ್ತಿಗೆ ದೊಡ್ಡಮ್ಮ ವಡೆ ಕರಿಯುತ್ತಿರುತ್ತಾಳೆಂದು ನಾವು ತಿಳಿದಿದ್ದೆವು. ವಡೆ ಪ್ರತಿ ವರ್ಷವೂ ಒಂದು ಒಬ್ಬೆ ಸೀದಿರುತ್ತಿದ್ದವು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡಪ್ಪ ತೀರಿಕೊಂಡ ಹದಿಮೂರನೆಯ ದಿನವೇ ಪೊಲೀಸರು ಬಂದರು. ಲೈಸೆನ್ಸು ಇದ್ದವರು ಹೋದಮೇಲೆ ಆಯುಧ ಠಾಣೆಯಲ್ಲಿರಬೇಕಂತೆ. ಮನೆಯವರು ಯಾರಾದರೂ ವರ್ಷದೊಳಗೆ ತಮ್ಮ ಹೆಸರಿಗೆ ಲೈಸೆನ್ಸು ಮಾಡಿಸಿಕೊಳ್ಳದಿದ್ದರೆ ಅದು ಸರ್ಕಾರದ ಪಾಲು. ಮಕ್ಕಳಿಲ್ಲದ ಮನೆ. "ಹೋಗಲಿ ಬಿಡು ದೊಡ್ಡಮ್ಮ, ನಿನಗ್ಯಾಕೆ ಅದು?" ಎಂದೆ.

"ಠಾಣೇಲಿ ಎಲ್ಲಿಟ್ಟಿದಾರೆ ನೋಡ್ಬಂದೆ ಕಣೋ," ಎಂದಳು. "ಕಳ್ಳರ ಹಾರೆ, ಸಾರಾಯಿ ಡಬ್ಬ, ಅದರ ಪಕ್ಕ. ಅವ್ರ ಸಾಮಾನು ಅಲ್ಲಿರ್ಬೇಕಾ?"

ಉತ್ತರವಿಲ್ಲದವನಿಗೆ ಕೆಲಸ ಬೀಳುವುದು ನಮ್ಮ ಮನೆತನದ ಪದ್ಧತಿ.

ಶಿಡ್ಲಘಟ್ಟದ ಕಚೇರಿಯ ಮುಂದೆ ಹೊಂಗೆಮರದಡಿ ಅರ್ಜಿ ಬರೆಯುವವರೊಬ್ಬರು ಕೂರುತ್ತಿದ್ದರು. ಅವರು ಪೆನ್ನು ಒದರಿ, "ಆಯುಧ ಯಾತಕ್ಕಮ್ಮ? ಯಾರಿಂದ ಅಪಾಯ?" ಎಂದು ಕೇಳಿದರು.

"ಮಂಗಗಳಿಂದ ಅಂತ ಬರಿಯಪ್ಪ."

"ಮಂಗಕ್ಕೆಲ್ಲ ಪಿಸ್ತೂಲು ಕೊಡಲ್ಲಮ್ಮ. ಮನುಷ್ಯರು ಹೇಳಿ."

"ಹಂಗಾದ್ರೆ ನಮ್ಮ ನಾದಿನಿ ಅಂತ ಬರಿ."

ಅವರು ಬರೆದೇಬಿಡುತ್ತಿದ್ದರು, ನಾನು ಕೈ ಹಿಡಿದೆ. ಕೊನೆಗೆ "ಆತ್ಮರಕ್ಷಣೆ" ಎಂಬ ಒಂಟಿ ಪದಕ್ಕೆ ಇಬ್ಬರೂ ಒಪ್ಪಿದರು. "ಒಂದೇ ಪದಾನಾ? ಇಷ್ಟಕ್ಕೆ ಇಷ್ಟು ಹೊತ್ತಾ?" ಎಂದು ದೊಡ್ಡಮ್ಮ ಗೊಣಗಿದಳು.

ಆಮೇಲೆ ಕಚೇರಿಯ ಗುಮಾಸ್ತರು. "ಆಯುಧ ಹಿಡಿಯೋ ತರಬೇತಿ ಆಗಿದ್ಯಾ? ಪತ್ರ ಬೇಕು. ಕೋಲಾರದ ಮೈದಾನದಲ್ಲಿ ಹದಿನೈದು ದಿನ ಕೊಡ್ತಾರೆ."

"ಹೆಂಗಸರನ್ನ ಸೇರಿಸ್ಕೋತಾರಾ ಸ್ವಾಮಿ?" ಎಂದೆ.

"ಇಲ್ಲ."

"ಮತ್ತೆ ಪತ್ರ ತರೋದು ಹೇಗೆ?"

"ಅದಕ್ಕೇ ಹೆಂಗಸರಿಗೆ ಲೈಸೆನ್ಸು ಆಗಲ್ಲ," ಎಂದರು, ಲೆಕ್ಕ ಸರಿಹೋಯಿತೆಂಬ ತೃಪ್ತಿಯಿಂದ.

"ಸೇರಿಸ್ಕೊಂಡ್ರೂ ನಾನು ಹೋಗಲ್ಲ," ದೊಡ್ಡಮ್ಮ ಮುಂದೆ ಬಂದಳು. "ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಹದಿನೈದು ದಿನ ನಾನಿಲ್ದಿದ್ರೆ ಸರ್ಕಾರ ಬಂದು ಸೊಪ್ಪು ಹಾಕತ್ತೇನಪ್ಪಾ? ಏಮಯ್ಯಾ, ನುವ್ವು ವಸ್ತಾವಾ?"

ತೆಲುಗು ಬಂದುಬಿಟ್ಟಿತು, 'ನೀನು ಬರ್ತೀಯಾ' ಎಂದು ಏಕವಚನದಲ್ಲಿ! ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಗುಮಾಸ್ತರ ಊರೂ ಅದೇ ಕಡೆ ಇರಬೇಕು, ಮುಖ ಅರಳಿತು. ದನಿ ತಗ್ಗಿಸಿ ದಾರಿ ಹೇಳಿಕೊಟ್ಟರು. ಆಯುಧದ ಅನುಭವ ಉಂಟೆಂದು ಚಿಕ್ಕಬಳ್ಳಾಪುರದ ಉಪವಿಭಾಗದ ಸಾಹೇಬರಿಗೆ ಖಾತ್ರಿಯಾದರೆ, ತರಬೇತಿ ಬೇಡವೆಂದು ಅವರು ಬರೆದುಕೊಡಬಹುದು. ಕೋಲಾರದಲ್ಲಿ ಬರಿಯ ರುಜು. ಸಾಹೇಬರ ಮುಂದೆ ಒಂದು ಪರೀಕ್ಷೆ, ಅಷ್ಟೆ.

ಹೀಗೆ ನಾನು ಇಪ್ಪತ್ತಮೂರು ಅಪಾಯಗಳನ್ನು ಜೇಬಿನಲ್ಲಿಟ್ಟುಕೊಂಡು ದೊಡ್ಡಮ್ಮನ ಜೊತೆ ಬಸ್ಸು ಹತ್ತಿದ್ದು. ಬಸ್ಸು ಕೆಡಲಿಲ್ಲ. ನಾನು ನಿದ್ದೆಯನ್ನೇ ಮಾಡಲಿಲ್ಲ. ಸಾಹೇಬರು ಇದ್ದರು, ನಡುವಯಸ್ಸಿನ, ಮೃದು ಮಾತಿನ ಮನುಷ್ಯ. ಠಾಣೆಯ ಪೇದೆ ಪಿಸ್ತೂಲು ತಂದಿದ್ದ. ಅದರ ಚರ್ಮದ ಚೀಲದ ಬಾಯಿಗೆ ಸುತ್ತಿದ್ದ ದಾರವನ್ನು ಬಿಚ್ಚತೊಡಗಿದ. ದೊಡ್ಡಮ್ಮ "ತಾಳಪ್ಪ" ಎಂದು ಕೈ ಚಾಚುವಷ್ಟರಲ್ಲಿ ಬಿಚ್ಚಿ ಮೇಜಿನ ಮೇಲಿಟ್ಟೇಬಿಟ್ಟ.

"ಇದನ್ನ ಬಿಚ್ಚಿ, ಒರೆಸಿ, ಮತ್ತೆ ಜೋಡಿಸ್ತೀರಾ?" ಎಂದರು ಸಾಹೇಬರು.

"ಮೇಜಿನ ಮೇಲೆ ಆಗಲ್ಲ ಸ್ವಾಮಿ. ಕುರ್ಚಿ ಮೇಲೆ ಕೂತು ಸೊಪ್ಪು ಬಿಡಿಸಕ್ಕಾಗತ್ತಾ?" ಎಂದು ಅವಳು ನೆಲದ ಮೇಲೆ ಕಾಲು ಮಡಿಸಿ ಕೂತಳು. ಕೈಚೀಲದಿಂದ ಒಂದು ಹಳೆಯ ಪಂಚೆಯ ತುಂಡು ಹಾಸಿದಳು. ರೇಷ್ಮೆ ಗೂಡಿನ ಮೇಲಿಂದ ಬಿಡಿಸಿದ ನವಿರಾದ ನಾರಿನ ಉಂಡೆ ಪಕ್ಕಕ್ಕಿಟ್ಟಳು. ಸಾಹೇಬರು ಮೇಜಿನ ಮೇಲಿಂದ ಬಗ್ಗಿ ನೋಡಿದರು; ಕಾಣಲಿಲ್ಲ. ಎದ್ದು ಬಂದರು. ಕೊನೆಗೆ ಉಪವಿಭಾಗದ ಸಾಹೇಬರೇ ನನ್ನ ದೊಡ್ಡಮ್ಮನೆದುರು ಕುಕ್ಕರುಗಾಲಿನಲ್ಲಿ ಕೂತರು! ನಾನು? ಬಾಗಿಲ ಹೊಸ್ತಿಲ ಮೇಲೆ ನಿಂತು ಎರಡು ಕಿವಿಗೂ ಬೆರಳು ಇಟ್ಟುಕೊಂಡಿದ್ದೆ.

ಗುಂಡಿಲ್ಲವೆಂದು ಮೊದಲು ತಿರುಗಿಸಿ ತೋರಿಸಿದಳು. ಒಂದೊಂದೇ ಭಾಗ ಕಳಚಿ ಸಾಲಾಗಿ ಇಟ್ಟಳು. ನಳಿಗೆಯೊಳಗೆ ನಾರು ತೂರಿಸಿ ಎಳೆದರೆ ಕೆಂಪು ಪುಡಿ ಉದುರಿತು.

"ಇದೇನಮ್ಮ ಇದು? ರಕ್ತ ಒಣಗಿದ ಹಾಗಿದೆ!"

"ಹೋದ ವರ್ಷದ ಆಯುಧಪೂಜೆ ಕುಂಕುಮ ಸ್ವಾಮಿ. ಆಮೇಲೆ ಒರೆಸಕ್ಕೆ ಪುರುಸೊತ್ತಾಗಲಿಲ್ಲ. ಅವ್ರು ಮಲಗಿಬಿಟ್ರು."

ಎಲೆ ಅಡಿಕೆ ಮಡಿಸಿ ಬಾಯಿಗಿಡುವಷ್ಟು ಹೊತ್ತಿನಲ್ಲಿ ಪಿಸ್ತೂಲು ಮತ್ತೆ ಪಿಸ್ತೂಲಾಯಿತು. ಪೇದೆ ಬಾಯಿ ಕಳೆದು ನಿಂತಿದ್ದ. ಸಾಹೇಬರು ಕುರ್ಚಿಗೆ ಮರಳಿ, "ಬಹಳ ಚೆನ್ನಾಗಿದೆ. ಆದರೆ ಒರೆಸೋದು ಬೇರೆ, ಹಾರಿಸೋದು ಬೇರೆ. ಹಾರಿಸಿದ ಅನುಭವ ಇದೆ ಅಂತ ಬರೆಯದೆ ವಿನಾಯಿತಿ ಕೊಡೋ ಹಾಗಿಲ್ಲ. ನಿಮ್ಮ ಯಜಮಾನರು ಹಾರಿಸ್ತಿದ್ದರು ಸರಿ. ನೀವು?" ಎಂದರು.

ದೊಡ್ಡಮ್ಮ ಕೈಯಲ್ಲಿದ್ದ ಪಿಸ್ತೂಲನ್ನು ನೋಡಿದಳು, ಪೇದೆಯನ್ನು ನೋಡಿದಳು, ಕಡತ ಹಿಡಿದು ನಿಂತಿದ್ದ ಅಲ್ಲಿಯ ಗುಮಾಸ್ತರನ್ನು ನೋಡಿದಳು. ಅದನ್ನು ಬಿಟ್ಟುಬರುತ್ತಾಳೆ ಎನ್ನಿಸಿತು ನನಗೆ.

"ಇವರನ್ನ ಸ್ವಲ್ಪ ಆಚೆ ಕಳಿಸ್ತೀರಾ ಸ್ವಾಮಿ?"

ಅವರು ಹೋದರು. ನಾನೂ ಹೊರಟೆ. "ನೀನಿರೋ," ಎಂದಳು. "ನಿಂಗೂ ಒಂದಿನ ಗೊತ್ತಾಗ್ಬೇಕು."

ಆಮೇಲೆ ನೆಲ ನೋಡುತ್ತ ಹೇಳಿದಳು: "ಯುದ್ಧದಿಂದ ಬಂದಾಗ್ಲಿಂದ ಅವ್ರಿಗೆ ಬಲಗೈ ನಡುಗ್ತಿತ್ತು. ಲೋಟ ಹಿಡಿದ್ರೆ ಕಾಫಿ ಚೆಲ್ಲೋದು. ಊಟ ಎಡಗೈಲಿ. ನಾಲ್ಕು ಜನದ ಮುಂದೆ ಹೆಂಗೆ ಕೂರ್ತಾರೆ? ಹಿತ್ತಲಲ್ಲಿ ಮಡಕೆಗೆ ಹೊಡೀತಿದ್ದೋಳು ನಾನು. ಮಡಕೆ ಹಿಡ್ಕೊಂಡು ಒಳಗೆ ಬರ್ತಿದ್ದೋರು ಅವ್ರು. ನಿಮಗೆ ಹೇಳಿದೀನಿ. ಕಾಗದದ ಮೇಲೆ ಮಾತ್ರ ಬರೀಬೇಡಿ. ಬರೆದೇ ತೀರ್ಬೇಕು ಅಂದ್ರೆ ನಂಗೆ ಲೈಸೆನ್ಸು ಬೇಡ."

ಕೋಟಿನ ಜೇಬು, ಮುಂದೆ ಮಾಡಿದ ಅಡುಗೆಮನೆ ಬಾಗಿಲು, ಸೀದ ವಡೆ. ಎಲ್ಲವೂ ಒಟ್ಟಿಗೆ ನನ್ನ ತಲೆಗೆ ಬಂದು ಕೂತವು. ನಾವು ಅದನ್ನು ಗತ್ತು ಎಂದಿದ್ದೆವು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥ ಕೊಳೆ ಅದರಲ್ಲೇನೂ ಇರಲಿಲ್ಲ. ಪೆನ್ನು ತೆಗೆದು ಬರೆದು, ನಮಗೂ ಓದಿ ಹೇಳಿದರು: "ಅರ್ಜಿದಾರರು ಸೈನಿಕರಾಗಿದ್ದ ತಮ್ಮ ಪತಿಯವರಿಂದಲೇ ಬಹುಕಾಲ ತರಬೇತಿ ಪಡೆದು ನಿಪುಣರಾಗಿರುವುದರಿಂದ, ಬೇರೆ ತರಬೇತಿಯ ಅಗತ್ಯ ಕಂಡುಬರುವುದಿಲ್ಲ."

ದೊಡ್ಡಮ್ಮ ಕೈ ಮುಗಿದಳು. ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ.

ಎರಡು ತಿಂಗಳಿಗೆ ಲೈಸೆನ್ಸು ಬಂತು. ಠಾಣೆಗೆ ಹೋಗಿ ರುಜು ಹಾಕಿ ಪಿಸ್ತೂಲು ತಂದೆವು. ನಾನು ಜಗಲಿಯ ಮೇಲೆ ಕೂತು, ನೋಟುಪುಸ್ತಕ ತೆಗೆದು, ಇಪ್ಪತ್ತಮೂರಕ್ಕೂ ಒಂದೊಂದೇ ಗೀಟು ಹೊಡೆಯುತ್ತಿದ್ದೆ. ಒಂದೂ ಆಗಿರಲಿಲ್ಲ! ಚಿಂತೆ ಮಾಡಿದ್ದರಿಂದಲೇ ಆಗಲಿಲ್ಲ ಎಂದು ಅವಳಿಗೆ ಹೇಳಬೇಕೆಂದು ತಲೆಯೆತ್ತಿದೆ.

ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಗೆ ರೇಷ್ಮೆ ದಾರ ಸುತ್ತುತ್ತಿದ್ದಳು. ಸುತ್ತಿ ಗಂಟು ಹಾಕುವಳು, ನೋಡುವಳು, ಬಿಚ್ಚುವಳು. ಹಾಕುವಳು, ಬಿಚ್ಚುವಳು.

"ಏನಾಯ್ತು ದೊಡ್ಡಮ್ಮ?"

"ಏನಿಲ್ಲ. ಆವತ್ತು ಆ ಪೇದೆ ಬಿಚ್ಚಿಬಿಟ್ಟನಲ್ಲ, ಅದು ಅವ್ರು ಹಾಕಿದ್ದ ಗಂಟು ಕಣೋ. ಬಿಚ್ಚೋದು ನಾನು, ಒರೆಸೋದು ನಾನು, ಹೊಡೆಯೋದೂ ನಾನೇ. ಕೊನೇಲಿ ಗಂಟು ಮಾತ್ರ ಅವ್ರದು. ಎಡಗೈಲಿ ಒಂದು ತುದಿ, ಹಲ್ಲಲ್ಲಿ ಒಂದು ತುದಿ. 'ಇದು ನನ್ನ ಕೆಲಸ, ನೀನು ಅತ್ಲಾಗೆ ತಿರುಕ್ಕೋ' ಅನ್ನೋರು. ತಿರುಕ್ಕೋತಿದ್ದೆ." ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಇಪ್ಪತ್ತು ವರ್ಷ. ಒಂದ್ಸಲಾನೂ ಕದ್ದು ನೋಡಲಿಲ್ಲ ನೋಡು ನಾನು."

ಅವಳು ದಾರದ ಒಂದು ತುದಿಯನ್ನು ಎಡಗೈಯಲ್ಲಿ ಹಿಡಿದು, ಇನ್ನೊಂದನ್ನು ಹಲ್ಲಿಗೆ ಕೊಟ್ಟುಕೊಂಡಳು. ಕಚ್ಚಿದ ಹಲ್ಲಿನ ನಡುವೆಯೇ ನನಗೆ ಹೇಳಿದಳು:

"ಅತ್ಲಾಗೆ ತಿರುಕ್ಕೋ."

ನಾನು ಹಿಪ್ಪುನೇರಳೆ ತೋಟದ ಕಡೆ ತಿರುಗಿ ಕೂತೆ.