ಗೀಟಿನ ಆಚೆ ಅಕ್ಕ, ಈಚೆ ತಂಗಿ

ನಾನು ಪ್ರಾಥಮಿಕ ಶಾಲೆಯ ಟೀಚರ್. ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಕ್ಷೇತ್ರ ಬದಲಾಗಲಿ, ಜಿಲ್ಲೆ ಎರಡಾಗಲಿ, ವಾರ್ಡು ಹೊಸದಾಗಿ ವಿಂಗಡಣೆಯಾಗಲಿ, ಗೀಟು ಎಳೆಯುವವರು ಎಲ್ಲೋ ಫ್ಯಾನಿನ ಕೆಳಗೆ ಕುಳಿತಿರುತ್ತಾರೆ. ಜನರ ಕಣ್ಣು ಮಾತ್ರ ನನ್ನ ಚೀಲದ ಮೇಲೆ. ಹೀಗಾಗಿ ಇಂಥ ಪ್ರಸಂಗಗಳಿಗೆ ನನ್ನ ಬದುಕಿನಲ್ಲಿ ಯಾವತ್ತೂ ಬರ ಬಂದಿಲ್ಲ.

ಹೊರಗಿನವರ ಅನುಮಾನವನ್ನು ಹೇಗೋ ತಡೆದುಕೊಳ್ಳಬಹುದು. ಮನೆಯಲ್ಲಿ ನಮ್ಮ ಅತ್ತೆ ಇದ್ದಾರಲ್ಲ. ಮದುವೆಯಾಗಿ ಹೊಸಪೇಟೆಗೆ ಬಂದಾಗಿನಿಂದ ಅವರು ಓಟು ಹಾಕಿದ್ದೆಲ್ಲ ಒಂದೇ ಕಡೆ, ನಮ್ಮ ಓಣಿಯ ತುದಿಯಲ್ಲಿರುವ ಶಾಲೆಯಲ್ಲಿ. ಸಂಜೆ ನಾನು ಚೀಲ ಇಳಿಸಿದರೆ ಚಹಾಕ್ಕಿಂತ ಮೊದಲು ಪ್ರಶ್ನೆ ಬರುತ್ತಿತ್ತು.

"ನಂದು ಅಲ್ಲೇ ಐತಿಲ್ಲೋ?"

"ಅಲ್ಲೇ ಐತ್ರಿ ಅತ್ತಿ."

"ನೋಡವಾ ಮತ್ತ. ಪಟ್ಟಿ ನಿನ್ನ ಕೈಯಾಗ ಐತಿ."

ಈ ಮಾತಿನಲ್ಲಿ ಅಕ್ಕರೆ ಎಷ್ಟು, ಎಚ್ಚರಿಕೆ ಎಷ್ಟು ಎಂದು ಬೇರ್ಪಡಿಸಲು ನನಗೆ ಇವತ್ತಿಗೂ ಆಗಿಲ್ಲ.

ಒಂದು ಮೊಳ

ನನ್ನ ಮೊದಲ ನೌಕರಿ ಎಮ್ಮಿಗನೂರಿನಲ್ಲಿ. ಕಂಪ್ಲಿ ಮೇಲೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ವಿಧಾನಸಭಾ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದ ಕಾಲ. ಯಾವ ಊರು ಯಾವ ಕ್ಷೇತ್ರಕ್ಕೆ ಎಂದು ತೋರಿಸುವ ನಕ್ಷೆಯೊಂದನ್ನು ನನ್ನ ಕೈಗೆ ಕೊಟ್ಟು, ಜನರಿಗೆ ತಿಳಿಸಿ ಬಾ ಎಂದಿದ್ದರು. ಊರ ಸೀಮೆಯ ಅಂಚಿನಲ್ಲಿ ಭತ್ತದ ಗದ್ದೆ ಇದ್ದ ರೈತರೊಬ್ಬರ ಮನೆಗೆ ಹೋಗಿ, ಕಟ್ಟೆಯ ಮೇಲೆ ನಕ್ಷೆ ಬಿಚ್ಚಿದೆ. ಅವರು ನಕ್ಷೆ ನೋಡಲಿಲ್ಲ. ನನ್ನ ಚಪ್ಪಲಿಗೆ ಕೆಸರು ಹತ್ತಿದೆಯೋ ಇಲ್ಲವೋ ನೋಡಿದರು.

"ನಮ್ಮ ಗದ್ದ್ಯಾಗ ಇಳಿದಿದ್ರೇನು?"

"ಇಲ್ಲರೀ, ರಸ್ತೆ ಮ್ಯಾಲ ಬಂದೀನಿ."

"ಮತ್ತ ಈ ಗೀಟು ನನ್ನ ಗದ್ದಿ ಮಗ್ಗಲಿಗೆ ಹೆಂಗ ಬಂತು?"

ಅದು ಬರೀ ಓಟಿನ ಗೀಟು, ಗದ್ದೆಗೆ ಏನೂ ಆಗುವುದಿಲ್ಲ ಎಂದೆ.

"ಏನೂ ಆಗಂಗಿಲ್ಲ ಅಂದ್ರ ಯಾಕ ಎಳೀತೀರಿ? ಕಾಲುವಿ ಬರೋ ಮುಂದನೂ ಒಬ್ಬರು ಹಿಂಗ ನಕಾಶಿ ತಂದು, ಸುಮ್ನ ನೋಡಾಕ ಬಂದೀವಿ ಅಂದಿದ್ರಂತ."

ಒಳಗಿನಿಂದ ಚಹಾ ಬಂತು. ಲೋಟ ಅವರ ಕೈಯಲ್ಲೇ ಉಳಿಯಿತು. ಅರ್ಧ ಗಂಟೆ ನಾನು ಶಾಸಕರೆಂದರೇನು, ಕ್ಷೇತ್ರವೆಂದರೇನು ಎಂದು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಹೇಳುವಂತೆ ಹೇಳಿದೆ. ಕೊನೆಗೆ ನಂಬಿಕೆ ಬಂದಿರಬೇಕು, ಆರಿದ ಚಹಾ ನನ್ನ ಕೈಗೆ ಬಂತು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಟೀಚರ್ರೆ, ಆಚಿಕಡಿ ಗದ್ದಿ ನಮ್ಮ ತಮ್ಮಂದು. ಹೆಂಗೂ ಸರಕಾರದ ಗೀಟು, ಹಾಕೋದಂತೂ ಹಾಕ್ತೀರಿ. ಒಂದು ಮೊಳ ಅವನ ಕಡಿ ಸರಿಸಿ ಹಾಕ್ರಿ."

ಡಬ್ಬಿಗಳು

ಆಮೇಲೆ ಕುರೆಕುಪ್ಪಕ್ಕೆ ವರ್ಗವಾಯಿತು. ಅಲ್ಲಿ ಕಾರ್ಖಾನೆ ಕೆಲಸದವರಿಗೆ ಸಾಲು ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ವಾರ್ಡಿನ ಗಡಿ ಪರಿಶೀಲನೆಗೆಂದು ಮನೆಯಲ್ಲಿರುವ ತಲೆ ಎಣಿಸುತ್ತ ಹೋದೆ. ಒಂದು ಕೋಣೆಯ ಮುಂದೆ ಮಾಲೀಕರೇ ಬಾಗಿಲಿಗೆ ಅಡ್ಡ ನಿಂತಿದ್ದರು.

"ಎಷ್ಟು ಜನ ಇದಾರ್ರಿ?"

"ಇಬ್ರು."

ಅವರ ಹೆಗಲ ಮೇಲಿಂದ ಇಣುಕಿದೆ. ಗೋಡೆಯ ಮೊಳೆಗಳಿಗೆ ಸಾಲಾಗಿ ಹನ್ನೆರಡು ಊಟದ ಡಬ್ಬಿ ನೇತಾಡುತ್ತಿದ್ದವು.

"ಇಬ್ಬರಿಗೆ ಇಷ್ಟು ಡಬ್ಬಿ?"

"ಭಾಳ ಉಣ್ತಾರ್ರಿ."

ಮನೆ ತೆರಿಗೆ ಏರಿಸಲು ಬಂದವಳೆಂದು ಅವರ ಅನುಮಾನ. ನಾನು ವಾದ ಮಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತ, ಜನ ಕಡಿಮೆ ಇದ್ದರೆ ಈ ವಾರ್ಡನ್ನು ಪಕ್ಕದ ವಾರ್ಡಿಗೆ ಸೇರಿಸಬಹುದು, ಆಗ ಎರಡಕ್ಕೂ ಕೂಡಿ ಒಬ್ಬರೇ ಸದಸ್ಯರು ಎಂದೆ. ಮಾಲೀಕರ ಮುಖ ಬಿಳುಚಿತು. ಮುಂದಿನ ಸಲ ಆ ವಾರ್ಡಿಗೆ ನಿಲ್ಲಬೇಕೆಂದು ಅವರು ಆಗಲೇ ಬಿಳಿ ಅಂಗಿ ಹೊಲಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಒಳಗ ಬರ್ರಿ, ಕುಂದ್ರಿ. ಹನ್ನೆರಡಲ್ರಿ, ಹದಿನಾಕು ಬರಕೋರಿ. ಇನ್ನಿಬ್ರ ಡಬ್ಬಿ ತೊಳ್ಯಾಕ ಹಾಕೀವಿ."

ನಕಲಿ

ಹೊಸಪೇಟೆ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾದ ಹೊಸತರಲ್ಲಿ ನಾನು ಟಿ.ಬಿ. ಡ್ಯಾಂ ಕಡೆಯ ಶಾಲೆಗೆ ಬಂದಿದ್ದೆ. ಅಲ್ಲಿ ಆಚಾರ್ಯರು ಎಂಬ ನಿವೃತ್ತ ಗುಮಾಸ್ತರೊಬ್ಬರಿದ್ದರು. ಕಾಲುವೆ ಕಚೇರಿಯಲ್ಲಿ ಕಡತ ನೋಡಿ ನೋಡಿ ಕಣ್ಣು ಸವೆಸಿದವರು. ಗುರುತಿನ ಚೀಟಿ ತೋರಿಸಿದ ಹೊರತು ಗೇಟು ತೆಗೆಯುವುದಿಲ್ಲ ಎಂದರು. ತೋರಿಸಿದೆ. ಭೂತಗನ್ನಡಿ ತಂದು ಓದಿದರು.

"ಬಳ್ಳಾರಿ ಜಿಲ್ಲಾ ಅಂತ ಐತಲ್ಲಮ್ಮ. ನೀವು ನಿಂತಿರೋದು ವಿಜಯನಗರ ಜಿಲ್ಲಾದಾಗ. ಇದು ನಕಲಿ."

"ಹಳೇ ಚೀಟಿ ಸರ್. ಹೊಸದು ಇನ್ನೂ ಬಂದಿಲ್ಲ."

"ನಕಲಿಯವ್ರೆಲ್ಲ ಹಂಗ ಹೇಳ್ತಾರ."

ಮರುದಿನ ಮೇಲಿನವರಿಂದ ಪತ್ರ ತಂದೆ. ಈಕೆ ನಮ್ಮವರೇ ಎಂದು ಸಾಹೇಬರು ಬರೆದು, ಸಹಿ ಮಾಡಿ, ಮೊಹರು ಒತ್ತಿದ್ದರು. ಆಚಾರ್ಯರು ಗೇಟಿನ ಆಚೆಯಿಂದಲೇ ಪತ್ರ ತೆಗೆದುಕೊಂಡರು. ಸಹಿ ನೋಡಿದರು, ತಲೆಯಾಡಿಸಿದರು. ಮೊಹರಿನ ಮೇಲೆ ಭೂತಗನ್ನಡಿ ಇಟ್ಟರು. ಮೊಹರನ್ನೂ ಬದಲಾಯಿಸಿರಲಿಲ್ಲ, ಬಳ್ಳಾರಿ ಜಿಲ್ಲೆ ಎಂದೇ ಇತ್ತು. ಪತ್ರವನ್ನು ನಾಜೂಕಾಗಿ ಮಡಿಸಿ ನನಗೆ ಕೊಟ್ಟು, ಕನಿಕರದಿಂದ ಹೇಳಿದರು.

"ನೀವು ಪಾಪದವ್ರು ಕಾಣ್ತೀರಿ. ನಿಮ್ಮ ಸಾಹೇಬ್ರೂ ನಕಲಿ ಇದಾರ, ಹುಷಾರಾಗಿರ್ರಿ."

ಹಿಂದ ಹಿಂದ

ಇಲ್ಲಿಯವರೆಗೆ ಜನ ನನ್ನನ್ನು ಅನುಮಾನಿಸಿದ್ದಾಯಿತು. ಈಗ ನಾನು ಅನುಮಾನಿಸಿದ್ದನ್ನೂ ಹೇಳಬೇಕು.

ಅತ್ತೆಗೆ ಆ ಶಾಲೆಯೇ ಯಾಕೆ ಬೇಕು? ಯಾರೋ ಅಭ್ಯರ್ಥಿ ಗುಟ್ಟಾಗಿ ಸೀರೆ ಕೊಡುತ್ತಾನೆಂದೇ ನನ್ನ ಗುಮಾನಿ. ಒಂದು ಚುನಾವಣೆಯಲ್ಲಿ ನನಗೆ ಅದೇ ಮತಗಟ್ಟೆಯ ಬಾಗಿಲಲ್ಲಿ ಚೀಟಿ ನೋಡುವ ಕೆಲಸ ಬಿತ್ತು. ಅತ್ತೆ ಏಳಕ್ಕೆಲ್ಲ ಬಂದರು. ಹೆಂಗಸರ ಕ್ಯೂನಲ್ಲಿ ನಿಂತು, "ನೀವು ಮುಂದ ಹೋಗ್ರಿ, ನೀವು ಹೋಗ್ರಿ" ಎಂದು ಎಲ್ಲರಿಗೂ ದಾರಿ ಬಿಡುತ್ತಿದ್ದರು. ಸೀರೆಯವನು ಈಗ ಬರುತ್ತಾನೆ ಎಂದು ಕಾದೆ.

ಬಂದದ್ದು ಪಕ್ಕದ ಮನೆಯ ದೊಡ್ಡತ್ತೆ. ಅಂದರೆ ಅತ್ತೆಯ ಒಡಹುಟ್ಟಿದ ಅಕ್ಕ. ಅಕ್ಕತಂಗಿಯನ್ನು ಒಂದೇ ಗೋಡೆಯ ಎರಡು ಮನೆಗಳಿಗೆ ಕೊಟ್ಟಿದ್ದರು. ಮಾಳಿಗೆಯ ಮಳೆನೀರು ಯಾರ ಕಡೆ ಬೀಳಬೇಕೆಂದು ಗಂಡಂದಿರು ಜಗಳವಾಡಿ ಮಾತು ಬಿಟ್ಟರು. ಅವರು ತೀರಿಕೊಂಡರು, ಜಗಳ ಮಕ್ಕಳ ಪಾಲಿಗೆ ಬಂತು. ನನ್ನ ಗಂಡ ಆ ಮನೆಯ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಾರೆ. ಆದರೆ ಹೆಂಗಸರ ಕ್ಯೂಗೆ ಗಂಡಸರು ಬರುವಂತಿಲ್ಲವಲ್ಲ.

ಇಬ್ಬರೂ ತಲೆಗೆ ತಲೆ ಹಚ್ಚಿ ನಿಂತರು. ಒಬ್ಬರ ಸೆರಗಿನಿಂದ ಇನ್ನೊಬ್ಬರ ಸೆರಗಿಗೆ ಎಲೆ ಅಡಿಕೆ ಹೋಯಿತು. ಮಾತಿಗೆ ಕೊನೆಯಿಲ್ಲ. ಬಾಗಿಲ ಹತ್ತಿರ ಬಂದದ್ದೇ ತಡ, ಇಬ್ಬರೂ ಏನೋ ಮರೆತವರಂತೆ ತಿರುಗಿ ಸಾಲಿನ ಕೊನೆಗೆ ಹೋಗಿ ನಿಂತರು. ಮೂರು ಸಲ ಹೀಗಾಯಿತು. ನನ್ನ ಸಣ್ಣ ಬುದ್ಧಿಗೆ ನನಗೇ ನಾಚಿಕೆಯಾಯಿತು, ಕಣ್ಣೂ ತುಂಬಿತು. ಅಷ್ಟರಲ್ಲಿ ಮಹಿಳಾ ಪೊಲೀಸರೊಬ್ಬರು ಬಂದು, "ಅಜ್ಜಿ, ವಯಸ್ಸಾದವ್ರಿಗೆ ಕ್ಯೂ ಇಲ್ಲ, ಸೀದಾ ಒಳಗ ಹೋಗ್ರಿ" ಎಂದು ಕೈ ಹಿಡಿದರು.

ಅತ್ತೆ ಕೈ ಕೊಸರಿಕೊಂಡರು. "ಯಾಕ? ಇಬ್ರನ್ನೂ ಜಲ್ದಿ ಜಲ್ದಿ ಕಳಿಸಿ ನೀ ಏನ್ ಮಾಡಬೇಕಂತ ಮಾಡೀ?"

ಕಿಟಕಿ

ಮೊನ್ನೆ ಮೊನ್ನೆ ನನ್ನ ಗಂಡನ ಕಾಲು ಎರಡು ಸಲ ಉಳುಕಿತು. ವಾಸ್ತು ನೋಡುವವರು ಬಂದು, ದೋಷ ಬಾಗಿಲಲ್ಲಿದೆ ಎಂದರು. ಓಣಿಯ ಬಾಗಿಲು ಮುಚ್ಚಿಸಿ ಅಲ್ಲೊಂದು ಕಿಟಕಿ ಇಡಿಸಿ, ಹಿಂದಿನ ಓಣಿಗೆ ಬಾಗಿಲು ತೆಗೆದರು. "ದೋಷ ಅವನ ಚಪ್ಪಲ್ಯಾಗ ಐತಿ" ಎಂದು ಅತ್ತೆ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದರ ಬೆನ್ನಿಗೇ ವಾರ್ಡ್ ವಿಂಗಡಣೆ ಬಂತು. ಮುಂದಿನ ಓಣಿ ಹಳೆಯ ವಾರ್ಡಿನಲ್ಲೇ ಉಳಿಯಿತು. ಹಿಂದಿನ ಓಣಿ ಹೊಸ ವಾರ್ಡಿಗೆ ಹೋಯಿತು, ಅದರ ಮತಗಟ್ಟೆ ಕಾಲುವೆಯ ಆಚೆ. ಬಾಗಿಲು ಯಾವ ಓಣಿಗೋ ಮನೆ ಆ ಓಣಿಗೆ ಎಂದು ನಮಗೆ ಹೇಳಿದ್ದರು. ಊರಿನವರ ಮನೆಗಳನ್ನೆಲ್ಲ ಹಾಗೇ ಬರೆದು ನಮ್ಮದನ್ನು ಮಾತ್ರ ಬೇರೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಅಕ್ಕತಂಗಿಯ ನಡುವಿನ ಗೋಡೆಯೇ ಈಗ ಸರಕಾರಿ ಗಡಿಯಾಯಿತು. ಅಂದು ಸಂಜೆ ಎಂದಿನ ಪ್ರಶ್ನೆ ಬಂದಾಗ ಸುಳ್ಳು ಹೇಳಲಾಗಲಿಲ್ಲ.

ಅತ್ತೆ ಎದ್ದು ಹೋಗಿ ಕಿಟಕಿಯ ಸರಳು ಅಲ್ಲಾಡಿಸಿ ಬಂದರು. ಆಮೇಲೆ ಕೇಳಿದರು. "ಆ ವಾಸ್ತುದವ ಯಾವೂರವ?"

"ಸಂಡೂರಂತ್ರಿ."

"ನಿನ್ನ ತವರುಮನಿ?"

"ಸಂಡೂರು ಏನು ಒಂದ ಮನಿ ಊರೇನ್ರಿ ಅತ್ತಿ? ಅವನ ಗುರ್ತು ನನಗಿಲ್ಲ."

"ನಾ ಏನರ ಅಂದೆನೇನು?"

ಮರುದಿನದಿಂದ ಕಿಟಕಿಯ ಹತ್ತಿರ ಸ್ಟೂಲು ಬಂತು. ಹಾಲಿನವರು ಹಾಲನ್ನು ಕಿಟಕಿಯಲ್ಲೇ ಕೊಡಬೇಕೆಂದು ಆಜ್ಞೆಯಾಯಿತು. ಕಿಟಕಿಯ ಹೊರಗೆ ರಂಗೋಲಿಯೂ ಬಿತ್ತು. ಪರಿಶೀಲನೆಗೆ ಬಂದ ಮೇಲ್ವಿಚಾರಕರಿಗೆ ಅತ್ತೆ ಸರಳುಗಳ ನಡುವೆಯೇ ನೀರಿನ ತಂಬಿಗೆ ಚಾಚಿದರು. ಆ ಮನುಷ್ಯರ ಹೊಟ್ಟೆ ದೊಡ್ಡದು.

"ಅಜ್ಜಿ, ಇದು ಬಾಗಿಲೇನ್ರಿ?"

"ಅಲ್ಲದ ಮತ್ತೇನು? ನೀವು ಒಂಚೂರು ಸಣ್ಣ ಆಗ್ರಿ, ಒಳಗ ಬರ್ರಿ."

ಸ್ಥಳ ಪರಿಶೀಲನೆ

ಕಿಟಕಿಯೇ ನಮ್ಮ ಬಾಗಿಲು ಎಂದು ಅತ್ತೆ ಕೊಟ್ಟಿದ್ದ ಅರ್ಜಿ ಬಿದ್ದುಹೋಯಿತು. ಹದಿನೈದು ದಿನಕ್ಕೆ ಕಚೇರಿಯಿಂದ ನನಗೆ ಕರೆ ಬಂತು. ಪಟ್ಟಿಯಲ್ಲಿರುವ ಹೆಸರೊಂದರ ಮೇಲೆ ಆಕ್ಷೇಪಣೆ ಬಂದಿದೆ, ಆಕೆ ಆ ಮನೆಯಲ್ಲಿ ವಾಸವಿಲ್ಲವಂತೆ, ತೆಗೆದುಹಾಕಬೇಕಂತೆ. ಹೆಸರು ನೋಡಿದೆ. ನನ್ನದು. ಅರ್ಜಿದಾರರ ಸಹಿ ನೋಡಿದೆ. ಅತ್ತೆಯದು.

"ಸರ್, ಇದಕ್ಕೆ ಬೇರೆಯವರನ್ನು ಕಳಿಸಿ" ಎಂದೆ.

ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ. "ಆ ಭಾಗಕ್ಕೆ ನೀವೇ ಅಲ್ವೇನಮ್ಮ? ಹೋಗಿ, ಇದೀರೋ ಇಲ್ವೋ ನೋಡ್ಕೊಂಡು ಬನ್ನಿ."

ಬಿಸಿಲಲ್ಲಿ ನಡೆದು ಬಂದೆ. ಇಷ್ಟು ವರ್ಷ ಇವರಿಗೆ ರೊಟ್ಟಿ ಬಡಿದು ಹಾಕಿದವಳು ಯಾರು ಹಾಗಾದರೆ? ನಮ್ಮದೇ ಬಾಗಿಲು ಬಡಿದು, ಚೀಲದಿಂದ ಕಾಗದ ತೆಗೆದೆ. ಅತ್ತೆ ಶೇಂಗಾ ಸುಲಿಯುತ್ತಿದ್ದರು. ನನ್ನ ಗಂಡ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲಿದ್ದರು. ಬಾಗಿಲು ಬದಲಾದರೂ ಕಾಲು ಮೂರನೇ ಸಲ ಉಳುಕಿತ್ತು.

"ಅತ್ತಿ, ಇದು ಸರಕಾರಿ ಕೆಲಸ. ಈ ಹೆಸರಿನ ಹೆಣ್ಮಗಳು ಈ ಮನ್ಯಾಗ ಇದಾಳೋ ಇಲ್ಲೋ?"

"ಮುಂಜಾನೆ ಡಬ್ಬಿ ಹಿಡಕೊಂಡು ಹೋಗ್ತಾಳ, ಸಂಜಿಗೆ ಬರ್ತಾಳ. ಆಯ್ತವಾರನೂ ಪಟ್ಟಿ ಹಿಡಕೊಂಡು ಮಂದಿ ಮನ್ಯಾಗ ಇರ್ತಾಳ. ಇದಕ್ಕ ಇರೋದು ಅಂತಾರೇನು?"

ಅತ್ತೆ ಇನ್ನೊಂದು ಶೇಂಗಾ ಒಡೆದರು.

"ನನ್ನ ಮಾತು ಬ್ಯಾಡ, ನಿನ್ನ ಮಾತೂ ಬ್ಯಾಡ. ಪಕ್ಕದ ಮನಿಯವ್ರ ಸಾಕ್ಷಿ ಬೇಕಂತಲ್ಲ?"

"ನಿಮಗ್ಯಾರು ಹೇಳಿದ್ರು?"

"ಅರ್ಜಿ ಬರದುಕೊಟ್ಟವ ಹೇಳಿದ."

ನಮ್ಮ ಎಡಕ್ಕೆ ಇರುವುದು ಬೀಗ ಹಾಕಿದ ಗೋದಾಮು. ಬಲಕ್ಕೆ ಒಂದೇ ಮನೆ. ಅರ್ಜಿ ಯಾರನ್ನು ಕರೆಸಲು ಎಂದು ನನಗೆ ಆಗ ಹೊಳೆಯಿತು. ಮಂಚದ ಮೇಲಿಂದ ಗಂಡ, "ಆ ಮನಿಯವ್ರು ನಮ್ಮ ಹೊಸ್ತಿಲಾ ತುಳೀಬಾರದು" ಎಂದು ಎದ್ದು ಕುಳಿತರು.

ಅತ್ತೆ ತಿರುಗಿಯೂ ನೋಡಲಿಲ್ಲ. "ಸರಕಾರಿ ಕೆಲಸ ಐತಿ. ಅಡ್ಡ ಬಂದ್ರ ನಿನ್ನ ಹೆಸರಿಗೂ ಒಂದು ಅರ್ಜಿ ಕೊಡ್ತೀನಿ."

ದೊಡ್ಡತ್ತೆ ಮುಂದಿನ ಓಣಿಯಿಂದ ಸುತ್ತು ಹಾಕಿಕೊಂಡು, ಆಗಷ್ಟೇ ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು ಬಂದರು. ಹೊಸ ಬಾಗಿಲನ್ನು ಅನುಮಾನದಿಂದ ಮುಟ್ಟಿ ನೋಡಿದರು. ಒಳಗೆ ಬಂದು ತಂಗಿಯ ಪಕ್ಕದಲ್ಲೇ ಕುಳಿತರು. ನಾನು ಪ್ರಶ್ನೆ ಓದಿದೆ. ದಿನಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ನನ್ನನ್ನು ನೋಡುವ ಆ ಹೆಣ್ಣುಮಗಳು ಅಡಿಯಿಂದ ಮುಡಿಯವರೆಗೆ ನನ್ನನ್ನು ಅಳೆದರು. ತಂಗಿಯ ಮುಖ ನೋಡಿದರು. ತಂಗಿ ಶೇಂಗಾ ಬುಟ್ಟಿಯನ್ನು ಮೆಲ್ಲಗೆ ಅವರ ಕಡೆ ಸರಿಸಿದರು.

"ಒಂದ ದಿನಕ್ಕ ಹೆಂಗ ಹೇಳಾಕ ಬರ್ತದವಾ? ಸರಕಾರದ ಮುಂದ ಸುಳ್ಳು ಹೇಳಬಾರದು. ಇನ್ನ ನಾಕು ದಿನ ಬಂದು ಕುಂತು, ನೋಡಿ ಹೇಳ್ತೀನಿ."

ಇದಾಗಿ ಮೂರು ತಿಂಗಳಾಯಿತು. ದಿನಾ ನಾಲ್ಕು ಗಂಟೆಗೆ ಸಾಕ್ಷಿ ಬರುತ್ತಾರೆ, ಚಹಾ ಕುಡಿಯುತ್ತಾರೆ, ನಾನು ಶಾಲೆಯಿಂದ ಬಂದಮೇಲೆ ನನ್ನನ್ನು ನೋಡುತ್ತಾರೆ, ನಾಳೆ ಹೇಳುತ್ತೇನೆ ಎಂದು ಹೋಗುತ್ತಾರೆ. ಕಡತದಲ್ಲಿ ನನ್ನ ಹೆಸರಿನ ಮುಂದೆ ಇನ್ನೂ 'ಪರಿಶೀಲನೆಯಲ್ಲಿದೆ' ಎಂದಿದೆ. ಸಾಹೇಬರು ಕೇಳಿದಾಗಲೆಲ್ಲ, ಸಾಕ್ಷಿಗೆ ಇನ್ನೂ ಅನುಮಾನವಿದೆ ಸರ್ ಎನ್ನುತ್ತೇನೆ. ನನ್ನ ಓಟು ಹೋದರೂ ಹೋಗಲಿ ಎನಿಸುತ್ತದೆ. 'ನಂದು ಅಲ್ಲೇ ಐತಿಲ್ಲೋ' ಎಂದು ಅತ್ತೆ ಕೇಳುವುದನ್ನೇ ಬಿಟ್ಟಿದ್ದಾರೆ.

ನಿನ್ನೆ ಶಾಲೆಯಿಂದ ಸ್ವಲ್ಪ ಬೇಗ ಬಂದೆ. ಇಬ್ಬರೂ ಒಂದೇ ಬುಟ್ಟಿಗೆ ಕೈಹಾಕಿ ನಗುತ್ತ ಕುಳಿತಿದ್ದರು. ನಾನು ಹೊಸ್ತಿಲು ದಾಟುತ್ತಲೇ ದೊಡ್ಡತ್ತೆ ತಲೆ ಎತ್ತಿದರು.

"ಯಾರವಾ ಈಕಿ?"

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ಚೆನ್ನಾಗಿ ನೋಡಿದರು.

"ಗೊತ್ತಿಲ್ಲಕ್ಕಾ. ಆಗಾಗ ಬರ್ತಿರ್ತಾಳ."