ಹಿಂದಿನ ಕಣ್ಣಿಗೊಂದು ದೃಷ್ಟಿಬೊಟ್ಟು

ಕೆಲವರಿಗೆ ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ, ಕೆಲವರಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವ ಅಭ್ಯಾಸ. ನನಗೆ ‘ಸಾರಿ’ ಅನ್ನುವ ಅಭ್ಯಾಸ. ದಿನಕ್ಕೆ ಎಷ್ಟು ಸಾರಿ ‘ಸಾರಿ’ ಅನ್ನುತ್ತೇನೋ ಲೆಕ್ಕವಿಟ್ಟವರಿಲ್ಲ. ಬಾಗಿಲಿಗೆ ಮೊಣಕೈ ತಾಗಿದರೆ ಬಾಗಿಲಿಗೆ ಸಾರಿ, ಹಾಲು ಉಕ್ಕಿದರೆ ಒಲೆಗೆ ಸಾರಿ, ಸಂತೆಯಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ತುಳಿದವರಿಗೂ ನಾನೇ ಸಾರಿ. ಇದು ಕಾನ್ವೆಂಟಿನ ಕೊಡುಗೆ. ನಮ್ಮ ಶಾಲೆಯಲ್ಲಿ ಇಬ್ಬರು ಹುಡುಗಿಯರು ಓಡಿಬಂದು ಡಿಕ್ಕಿ ಹೊಡೆದುಕೊಂಡರೆ ಸಿಸ್ಟರ್ ಯಾರದು ತಪ್ಪು ಎಂದು ವಿಚಾರಿಸುತ್ತಲೇ ಇರಲಿಲ್ಲ. ಯಾರು ಮೊದಲು ಸಾರಿ ಹೇಳಿದಿರಿ ಎಂದಷ್ಟೇ ಕೇಳುತ್ತಿದ್ದರು. ಮೊದಲು ಹೇಳಿದವಳು ಒಳ್ಳೆಯ ಹುಡುಗಿ. ಒಳ್ಳೆಯ ಹುಡುಗಿಯಾಗುವ ಆತುರದಲ್ಲಿ ನಾನು ಡಿಕ್ಕಿಯಾಗುವ ಮೊದಲೇ ಹೇಳಿ ಮುಗಿಸುತ್ತಿದ್ದೆ. ಮದುವೆಯಾಗಿ ಪಾಂಡವಪುರಕ್ಕೆ ಬಂದ ಹೊಸತರಲ್ಲಿ, ಬಡಿಸುವಾಗ ನನ್ನ ಬಳೆ ಅತ್ತೆಯವರ ತಟ್ಟೆಗೆ ತಾಗಿ ಟಣ್ ಎಂದಿತು. ‘ಸಾರಿ’ ಎಂದೆ. ಅತ್ತೆ ತಲೆಯೆತ್ತದೆ, ‘ಸಾರು ಆಮ್ಯಾಕೆ ಬುಡವ್ವ, ಮೊದ್ಲು ಮುದ್ದೆ ಇಕ್ಕು’ ಅಂದರು. ಅಂದಿನಿಂದ ಆ ಪದಕ್ಕೆ ನಮ್ಮ ಮನೆಯಲ್ಲಿ ಅಷ್ಟೇ ಬೆಲೆ.

ಇಂಥ ನಿರುಪದ್ರವಿ ಪದವೊಂದು ನನ್ನ ಕೈಯಿಂದ ಕಾರಿನ ಕೀಲಿಯನ್ನು ಕಿತ್ತುಕೊಳ್ಳುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಆ ಕೀಲಿ ನನ್ನ ಪಾಲಿಗೆ ಸಾಮಾನ್ಯದ್ದಲ್ಲ. ನಮ್ಮವರು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಜೊತೆಯ ಮೇಷ್ಟ್ರೊಬ್ಬರ ಕಾರಿನಲ್ಲಿ ಹೋಗಿಬರುವುದರಿಂದ ನಮ್ಮ ಕಾರು ವಾರವೆಲ್ಲ ಹೊದಿಕೆ ಹೊದ್ದುಕೊಂಡು ಅಂಗಳದಲ್ಲಿ ಮಲಗಿರುತ್ತಿತ್ತು. ಅದನ್ನು ನೋಡಿ ನೋಡಿ, ನಲವತ್ತು ದಾಟಿದ ಮೇಲೆ ನಾನು ಓಡಿಸುವುದನ್ನು ಕಲಿತೆ. ಕಲಿತ ಮೇಲೆ ಗೊತ್ತಾಯಿತು, ಮೇಲುಕೋಟೆಗೆ ಹೋಗಲು ಭಾನುವಾರದವರೆಗೆ ಕಾಯಬೇಕಾಗಿಲ್ಲ. ದಾರಿಯಲ್ಲಿ ಸೀಬೆಹಣ್ಣು ಕಂಡರೆ ‘ಸ್ವಲ್ಪ ನಿಲ್ಲಿಸ್ತೀರಾ’ ಎಂದು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಿಲ್ಲಿಸಿದರಾಯಿತು! ಕ್ಯಾಲೆಂಡರಿನ ಪಕ್ಕದ ಮೊಳೆಗೆ ಕೀಲಿಯನ್ನು ತೂಗುಹಾಕುವಾಗ ನಮ್ಮವರು ಒಂದು ಷರತ್ತು ಹಾಕಿದ್ದರು: ‘ನಿನ್ನಿಂದ ಒಂದು ಗೀಚು ಬಿದ್ದರೂ ಇದು ಬೀರುವಿಗೆ ಹೋಗ್ತದೆ. ಆಮೇಲೆ ನಾನಿದ್ದಾಗ ಮಾತ್ರ.’ ಒಪ್ಪಿದೆ. ಒಪ್ಪಿದ ಧೈರ್ಯದಲ್ಲಿ, ನಾಗಮಂಗಲದಲ್ಲಿರುವ ನನ್ನ ಶಾಲೆಯ ಗೆಳತಿ ಫಿಲೋಮಿನಾಗೆ, ‘ಊಟಕ್ಕೆ ಬರ್ತೀನಿ, ನಾನೇ ಓಡಿಸ್ಕೊಂಡು’ ಎಂದು ಸಂದೇಶವನ್ನೂ ಕಳಿಸಿದೆ. ಅವಳಿಂದ ಉತ್ತರವಾಗಿ ಬಂದದ್ದು ‘ನೀನಾ?’ ಎಂಬ ಎರಡೇ ಅಕ್ಷರ, ಮತ್ತು ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳ ಒಂದು ಸಾಲು.

ಆ ಹೊತ್ತಿಗೇ ಕ್ಯಾಮೆರಾ ಬಂತು. ಅದು ಬಂದದ್ದು ನನ್ನಿಂದಲ್ಲ, ಕಬ್ಬಿನಿಂದ. ಮಾಕವಳ್ಳಿಯ ಕಡೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ಒಂದು ಭಾನುವಾರ ನಮ್ಮವರ ಕಾರಿನ ಕನ್ನಡಿಯನ್ನು ಸವರಿಕೊಂಡು ಹೋಗಿತ್ತು. ಇವರು ಅಡ್ಡಹಾಕಿ ಕೇಳಿದರೆ ಚಾಲಕ ಕಬ್ಬನ್ನು ಸಿಗಿಯುತ್ತಾ, ‘ನಾನು ಅಂತ ಏನೈತೆ ಸಾ ಪುರಾವೆ?’ ಎಂದನಂತೆ. ಪುರಾವೆ ಇಲ್ಲದೆ ಏನನ್ನೂ ನಂಬಬಾರದೆಂದು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದವರು ಇವರು. ತಮ್ಮದೇ ಪಾಠವನ್ನು ಟ್ರಾಕ್ಟರಿನ ಮೇಲಿಂದ ಕೇಳಿ ಬಹಳ ನೊಂದುಕೊಂಡರು. ಮುಂದಿನ ವಾರವೇ ಮುಂದೊಂದು ಹಿಂದೊಂದು ಕ್ಯಾಮೆರಾ ಹಾಕಿಸಲು ನಾವಿಬ್ಬರೂ ಶ್ರೀರಂಗಪಟ್ಟಣಕ್ಕೆ ಹೋದೆವು.

ಕಾರಿಗೆ ಅಲಂಕಾರ ಮಾಡುವ ಆ ಅಂಗಡಿಯ ರಾಜಣ್ಣ ಕೈಗಿಂತ ಬಾಯಿಯಿಂದ ಹೆಚ್ಚು ಕೆಲಸ ಮಾಡುವ ಮನುಷ್ಯ. ‘ಸಿಗರೇಟ್ ಹಚ್ಚೋ ತೂತಿಗೆ ಚುಚ್ಚೋ ಕ್ಯಾಮೆರಾ ಅಲ್ಲ ಸಾ ಇದು. ಬ್ಯಾಟ್ರಿಯಿಂದ ನೇರ ವೈರು. ಗಾಡಿ ಆಫ್ ಆದ್ರೂ ಇದ್ಕೆ ನಿದ್ದೆ ಇಲ್ಲ. ಯಾರಾದ್ರೂ ಮುಟ್ಟುದ್ರೆ ಕಣ್ ಬುಟ್ಟು ನೋಡ್ಬುಡ್ತದೆ. ಬ್ಯಾಟ್ರಿ ಸೊರಗೋ ಅಂಗಿದ್ರೆ ತಾನೇ ಕೈ ಬುಡ್ತದೆ’ ಎನ್ನುತ್ತಾ ಕಾರಿನ ಒಳಮೈಯನ್ನು ಒಂದೊಂದಾಗಿ ಬಿಚ್ಚತೊಡಗಿದ. ನಾನು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದೆ. ನೆಲದ ಚಾಪೆಯ ಕೆಳಗಿನಿಂದ ನನ್ನ ಎರಡು ಹೇರ್‌ಪಿನ್ನು, ಅತ್ತೆಯವರ ಅರ್ಧ ಅಡಿಕೆ, ಒಣಗಿ ಮಣಿಯಂತಾದ ಪುಳಿಯೋಗರೆ ಅಗುಳು ಎಲ್ಲ ಹೊರಬಂದವು. ಯಾರೋ ಅಪರಿಚಿತರು ನಮ್ಮ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡಿದಷ್ಟು ಸಂಕೋಚವಾಗಿ, ‘ಸಾರಿ’ ಅಂದೆ. ರಾಜಣ್ಣ, ‘ಅಯ್ಯೋ ಬುಡಿ ಅಕ್ಕಾ, ನಾವು ಗಾಡಿಯೊಳಗೆ ಕೋಳಿಮೊಟ್ಟೆ ನೋಡಿದೀವಿ’ ಎಂದು ಸಮಾಧಾನ ಹೇಳಿದ. ಚಾವಣಿಯ ಬಟ್ಟೆಯಡಿ ವೈರನ್ನು ತೂರಿಸುತ್ತಾ, ‘ವೈರು ಎಲ್ಲೋಯ್ತು ಅಂತ ನಂಗೇ ತಿಳೀಬಾರ್ದು, ಅಂಗೆ ಮಾಡ್ತೀನಿ’ ಅಂದ. ಹಾಗೆಯೇ ಆಯಿತು. ಹಿಂದಿನ ಗಾಜಿನ ಬಳಿ ಹೊರಬರಬೇಕಾದ ವೈರಿನ ತುದಿಯನ್ನು ಹುಡುಕುವುದರಲ್ಲಿ ನಾವು ಎರಡು ಸಲ ಟೀ ಕುಡಿದೆವು. ಕೊನೆಗೆ, ‘ಮಾತೂ ರೆಕಾರ್ಡ್ ಆಯ್ತದೆ, ಆಫ್ ಮಾಡ್ಲಾ ಸಾ?’ ಎಂದು ಕೇಳಿದ. ನಮ್ಮವರು ಟ್ರಾಕ್ಟರನ್ನು ನೆನೆದು, ‘ಬೇಡ, ಇರ್ಲಿ. ಮಾತೂ ಪುರಾವೆನೇ’ ಅಂದರು.

ಮನೆಗೆ ಬಂದಾಗ ಅತ್ತೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಅಕ್ಕಪಕ್ಕದವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ‘ಏನ್ಲಾ ಇದು, ಗಾಡಿಗೆ ಕಣ್ಣಾ?’ ಎಂದು ಮಗನನ್ನು ಕೇಳಿದರು. ‘ಹೂಂ ಕಣವ್ವ, ಮುಂದ್ಕೊಂದು ಹಿಂದ್ಕೊಂದು.’ ‘ಒಸ ಕಣ್ಣು. ಬೀದಿಯೋರೆಲ್ಲ ನೋಡ್ತಾವ್ರೆ’ ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದರು. ಆ ಮಾತಿನ ಮುಂದಿನ ಭಾಗವನ್ನು ಅವರು ಬಾಯಲ್ಲಿ ಹೇಳದೆ ಆಮೇಲೆ ಬೆರಳಲ್ಲಿ ಮುಗಿಸಲಿದ್ದಾರೆಂಬುದು ನಮಗಾರಿಗೂ ತಿಳಿಯಲಿಲ್ಲ.

ಎರಡು ದಿನ ಕಳೆದು ನಾನು ಅತ್ತೆಯವರನ್ನು ಕೂರಿಸಿಕೊಂಡು ಮೇಲುಕೋಟೆಗೆ ಹೊರಟೆ. ಅವರು ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂರುವುದು, ಪೂಜೆಯ ಬುಟ್ಟಿ ತೊಡೆಯ ಮೇಲೆ. ಬೆಟ್ಟದ ಏರಿನಲ್ಲಿ ಒಂದು ತಿರುವು ದಾಟಿದರೆ ರಸ್ತೆಯ ನಟ್ಟನಡುವೆ ಬಿಳಿ ಹಸುವೊಂದು ಮಲಗಿ ಮೆಲುಕು ಹಾಕುತ್ತಿತ್ತು. ನಿಲ್ಲಿಸಿದೆ. ಏರಿನಲ್ಲಿ ನಿಲ್ಲಿಸುವುದು ಹೊಸದಾಗಿ ಕಲಿತವರಿಗೆಲ್ಲ ಪರೀಕ್ಷೆಯೇ. ಕಾರು ಹಿಂದಕ್ಕೆ ಜಾರದಂತೆ ಬ್ರೇಕನ್ನು ಬಲವಾಗಿ ಒತ್ತಿ, ಹ್ಯಾಂಡ್‌ಬ್ರೇಕನ್ನೂ ಎಳೆದು, ಉಸಿರನ್ನೂ ಹಿಡಿದು ಕುಳಿತಿದ್ದೆ. ಆಗ ಹಿಂದಿನಿಂದ ಧಡ್ ಎಂದಿತು. ಬಾಳೆಗೊನೆ ತುಂಬಿದ ಲಗೇಜ್ ಆಟೋ ನಮಗೆ ಗುದ್ದಿತ್ತು. ನಾನು ಇಳಿದು ಓಡಿಹೋಗಿ, ಆಟೋದವನು ಬಾಯಿ ತೆರೆಯುವ ಮೊದಲೇ, ‘ಅಯ್ಯೋ ಸಾರಿ ಅಣ್ಣ, ಸಾರಿ ಸಾರಿ!’ ಅಂದುಬಿಟ್ಟೆ. ಅವನು ಒಂದು ಕ್ಷಣ ತಬ್ಬಿಬ್ಬಾದ. ತಾನು ಕ್ಷಮೆ ಕೇಳಬೇಕೆಂದು ಇಳಿದಿದ್ದನೋ ಏನೋ, ಪಾಪ. ನನ್ನ ಮುಖ ನೋಡಿದ್ದೇ ಅವನಿಗೆ ಧೈರ್ಯ ಬಂತು. ‘ಏರ್‌ನಾಗೆ ಬ್ರೇಕ್ ಮ್ಯಾಲೆ ಕಾಲಿಕ್ಕೊಂಡಿರ್ಬೇಕು ಕಣಕ್ಕ! ಓಗ್ಲಿ ಬುಡಿ. ಬ್ಯಾರೆ ಯಾರಾದ್ರೂ ಆಗಿದ್ರೆ ಗಾಚಾರ ಬುಡಿಸ್ಬುಡ್ತಿದ್ದೆ’ ಎಂದು ನನ್ನನ್ನು ಕ್ಷಮಿಸಿದ. ಗುದ್ದಿದ ಸದ್ದಿಗೆ ತೂಕಡಿಕೆಯಿಂದ ಎಚ್ಚೆತ್ತ ಅತ್ತೆ ಕಿಟಕಿಯಿಂದ ಕೈಚಾಚಿ, ‘ಎದರ್ಕೊಂಡವ್ನೆ ಮಗ’ ಎಂದು ಪೂಜೆಯ ಬುಟ್ಟಿಯಿಂದ ಅವನಿಗೆ ಒಂದು ಬಾಳೆಹಣ್ಣು ಕೊಟ್ಟರು. ಒಂದು ಆಟೋ ತುಂಬ ಬಾಳೆಗೊನೆ ಇದ್ದವನು ಅದನ್ನು ಕಣ್ಣಿಗೊತ್ತಿಕೊಂಡು ಸುಲಿದು ತಿಂದು, ಹಸು ಎದ್ದ ಕೂಡಲೇ ನಮ್ಮನ್ನು ದಾಟಿಕೊಂಡು ಹೋದ.

ಸಂಜೆ ನಮ್ಮವರು ಬಂಪರಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ‘ಏರಲ್ಲಿ ಹಿಂದಕ್ಕೆ ಜಾರಿದ್ಯಾ?’ ‘ಇಲ್ಲ, ಅವನೇ ಬಂದು ಗುದ್ದಿದ.’ ‘ಅವ್ವಾ, ನೀನು ನೋಡಿದ್ಯಾ?’ ಅತ್ತೆ ಸತ್ಯವಂತೆ: ‘ನಾ ಕಣ್ಮುಚ್ಚಿದ್ದೆ ಕಣಪ್ಪ. ಆದ್ರೆ ಇವ್ಳೇ ಓಡೋಗಿ ಸಾರಿ ಸಾರಿ ಅಂದ್ಲು.’ ನಮ್ಮವರ ಹುಬ್ಬು ಮೇಲೇರಿತು. ‘ಇರ್ಲಿ. ಪುರಾವೆ ಐತಲ್ಲ’ ಎಂದು ಫೋನಿನಲ್ಲಿ ಹಿಂದಿನ ಕ್ಯಾಮೆರಾದ ಚಿತ್ರವನ್ನು ತೆರೆದರು. ಮೂವರೂ ಬಗ್ಗಿದೆವು. ಪರದೆಯ ನಡುವೆ ದೊಡ್ಡ ಕಪ್ಪು ಚಂದ್ರ. ಅದರ ಸುತ್ತ ಅಂಚಿನಲ್ಲಿ ಒಂದಿಷ್ಟು ಆಕಾಶ, ಒಂದಿಷ್ಟು ಹುಲ್ಲು. ‘ಏನಿದು, ಗ್ರಹಣ ಹಿಡ್ದಂಗೈತೆ!’ ಎಂದು ನಮ್ಮವರು ಕಾರಿಗೆ ಓಡಿದರು. ಹಿಂದಿನ ಗಾಜಿಗಂಟಿದ ಕ್ಯಾಮೆರಾದ ಕಣ್ಣಿನ ಮೇಲೆ ಅಚ್ಚುಕಟ್ಟಾಗಿ ಒಂದು ಕಾಡಿಗೆಯ ಬೊಟ್ಟು. ‘ಒಸ ಕಣ್ಣಿಗೆ ದಿಷ್ಟಿ ಆಗಲ್ವೇನ್ಲಾ?’ ಅಂದರು ಅತ್ತೆ, ತಪ್ಪೇನೆಂದು ತಿಳಿಯದೆ. ‘ಮುಂದ್ಲದಕ್ಕೂ ಇಕ್ಕಾನ ಅಂತಿದ್ದೆ, ಕೂತ ತಾವಿಂದ ಕೈ ಎಟುಕ್ಲಿಲ್ಲ.’

ಕಣ್ಣಿಗೆ ಕಾಡಿಗೆ ಬಿದ್ದಿತ್ತೇ ಹೊರತು ಕಿವಿ ಚೆನ್ನಾಗಿಯೇ ಇತ್ತು. ಕಪ್ಪು ಚಂದ್ರನ ಹಿಂದಿನಿಂದ ಎಲ್ಲ ಕೇಳಿಸಿತು: ಧಡ್ ಎನ್ನುವ ಸದ್ದು, ಬಾಗಿಲು ತೆರೆದದ್ದು, ಆಮೇಲೆ ನನ್ನ ಧ್ವನಿ, ಸಾರಿ ಸಾರಿ ಎಂದು ಮಳೆಗಾಲದ ಕಪ್ಪೆಯ ಹಾಗೆ. ಅದರ ಮೇಲೆ ಆಟೋದವನ ಉದಾರವಾದ ತೀರ್ಪು. ‘ತಪ್ಪಿಲ್ಲದಿದ್ರೆ ಯಾರಾದ್ರೂ ಇಷ್ಟು ಸಾರಿ ಅಂತಾರಾ?’ ಎಂದರು ನಮ್ಮವರು. ಹದಿನೆಂಟು ವರ್ಷ ನನ್ನ ಜೊತೆ ಸಂಸಾರ ಮಾಡಿದವರು ಕೇಳುವ ಪ್ರಶ್ನೆಯೇ ಇದು? ಅವರು ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಹೆಚ್ಚು ಬೇಸರ. ಮೃದುವಾಗಿ, ಫೇಲಾದ ಹುಡುಗನ ಬೆನ್ನು ತಟ್ಟುವಂತೆ, ‘ಹೊಸ ಕೈ, ಆಗ್ತದೆ. ಇನ್ನಷ್ಟು ದಿನ ನಾನು ಪಕ್ಕದಲ್ಲಿರುವಾಗ ಓಡಿಸು’ ಎಂದು ಮೊಳೆಯಿಂದ ಕೀಲಿಯನ್ನು ತೆಗೆದು ಬೀರುವಿಗೆ ಹಾಕಿದರು. ಹೆಚ್ಚು ವಾದಿಸಲು ನನಗೂ ಧೈರ್ಯ ಸಾಲಲಿಲ್ಲ. ಅಷ್ಟು ಸಲ ಸಾರಿ ಎಂದದ್ದನ್ನು ಕೇಳಿದ ಮೇಲೆ ನನಗೇ ನನ್ನ ಮೇಲೆ ಅನುಮಾನ ಬರತೊಡಗಿತ್ತು. ನಿಜಕ್ಕೂ ಜಾರಿದೆನೇ?

ಮೊಳೆ ಬರಿದಾಗಿ ನಿಂತಿತು. ಫಿಲೋಮಿನಾ, ‘ಕೋಳಿ ಸಾರು ಮಾಡಿಸಲಾ? ಬಸ್ಸಿನ ಟೈಮ್ ಕಳಿಸಲಾ?’ ಎಂದು ಕೇಳಿದಳು. ಆ ‘ಬಸ್ಸಿನ ಟೈಮ್’ ನನ್ನನ್ನು ಚುಚ್ಚಿತು. ಮರುದಿನ ಮಧ್ಯಾಹ್ನ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಾಗ ನಾನು ಫೋನಿನಲ್ಲಿ ಆ ದಿನದ ಚಿತ್ರವನ್ನು ಮತ್ತೆ ತೆರೆದೆ, ಈ ಬಾರಿ ಮುಂದಿನ ಕ್ಯಾಮೆರಾದ್ದು. ಪುರಾವೆ ಹುಡುಕಲಿಕ್ಕಲ್ಲ, ನನ್ನ ಧ್ವನಿ ಅಷ್ಟು ಕೀರಲಾಗಿದೆಯೇ ಎಂದು ಇನ್ನೊಮ್ಮೆ ಕೇಳಲಿಕ್ಕೆ. ಗುದ್ದಿದ್ದು ಹಿಂದಿನಿಂದ ಎಂದು ಮುಂದಿನ ಚಿತ್ರವನ್ನು ನಮ್ಮವರು ನೋಡಿರಲೇ ಇಲ್ಲ. ಅದರಲ್ಲಿ ಹಸು ರಾಣಿಯ ಹಾಗೆ ಮಲಗಿತ್ತು. ನಮ್ಮ ಕಡೆಗೆ ಬಾಲ ಚಾಚಿತ್ತು. ಆ ಬಾಲದ ತುದಿಯ ಕುಚ್ಚು ಚೆಂದವಾಗಿತ್ತು, ನಮ್ಮ ಬಾನೆಟ್ಟಿನ ಅಂಚಿಗೆ ಸರಿಯಾಗಿ ತಾಗಿದಂತೆ, ಸೀರೆಗೆ ಕುಚ್ಚು ಕಟ್ಟಿದ ಹಾಗೆ ಕಾಣುತ್ತಿತ್ತು. ಹಸು ಮೆಲುಕು ಹಾಕಿತು, ಕಿವಿ ಬಡಿಯಿತು. ಕುಚ್ಚು ಮಾತ್ರ ಆ ಅಂಚಿನಲ್ಲೇ ಇತ್ತು. ಕೂದಲೆಳೆಯಷ್ಟೂ ಕದಲಲಿಲ್ಲ. ಆಮೇಲೆ ಧಡ್. ಕುಚ್ಚು ಬಾನೆಟ್ಟಿನ ಹಿಂದೆ ಮರೆಯಾಯಿತು, ಹಸು ಬಾಲ ಎಳೆದುಕೊಂಡು ತಿರುಗಿ ನನ್ನನ್ನು ನೋಡಿತು. ನನ್ನ ಧ್ವನಿ ಮೊದಲು ಸಾರಿ ಹೇಳಿದ್ದು ಆಟೋದವನಿಗಲ್ಲ, ಹಸುವಿಗೆ.

ನಾನು ಎರಡನೇ ಸಲ ನೋಡಿದೆ. ನಾನು ಹಿಂದಕ್ಕೆ ಜಾರಿದ್ದರೆ ಕುಚ್ಚು ಬಾನೆಟ್ಟಿನಿಂದ ದೂರ ಹೋಗಿ ರಸ್ತೆ ಕಾಣಬೇಕಿತ್ತು. ಅದು ಮರೆಯಾಗಬೇಕಾದರೆ ಕಾರನ್ನು ಯಾರೋ ಮುಂದಕ್ಕೆ ತಳ್ಳಿರಬೇಕು. ‘ಅತ್ತೇ!’ ಎಂದು ಕೂಗಿದ ರಭಸಕ್ಕೆ ಅವರೆಕಾಯಿಯ ಮೊರವೇ ಮಗುಚಿತು. ‘ಸಾರಿ’ ಅಂದೆ, ಆದರೆ ಈ ಸಲ ನಗುತ್ತಾ.

ಸಂಜೆ ನಮ್ಮವರಿಗೆ ಶೂ ಬಿಚ್ಚಲೂ ಬಿಡದೆ ತೋರಿಸಿದೆ. ಅವರು ಕುಚ್ಚನ್ನು ನೋಡಿದರು, ಹಿಂದೆ ಮುಂದೆ ಓಡಿಸಿ ನೋಡಿದರು, ಭೌತಶಾಸ್ತ್ರದಲ್ಲಿ ತಪ್ಪು ಹುಡುಕಲು ಯತ್ನಿಸಿ ಸೋತರು. ಅತ್ತೆ ಪಕ್ಕದಲ್ಲಿ ನಿಂತು, ‘ಆ ಬಡ್ಡೀಮಗಂಗೆ ಬಾಳೆಹಣ್ಣು ಬ್ಯಾರೆ ಕೊಟ್ನಲ್ಲ!’ ಎಂದು ಹಲುಬಿದರು. ನಮ್ಮವರು ಎದ್ದು ಬೀರು ತೆರೆದು ಕೀಲಿ ತಂದು ಮೊಳೆಗೆ ಹಾಕಿದರು. ನಾನು ಕಾಯುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡು ಅಂದರು: ‘ಸರಿ.’ ಅಷ್ಟೇ. ಒಂದೇ ಒಂದು ದೀರ್ಘ ಕಡಿಮೆಯಾಗಿತ್ತು! ಇಡೀ ಆಯುಷ್ಯದಲ್ಲಿ ನಾನು ಊರವರಿಗೆಲ್ಲ ಹಂಚಿದ ಆ ದೀರ್ಘವನ್ನು ಒಂದು ಸಲ ನನಗೆ ಯಾರಾದರೂ ತಿರುಗಿ ಕೊಡಬಾರದೇ ಎನಿಸಿತು. ಕೇಳಲಿಲ್ಲ. ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದೆ: ಇನ್ನು ಮೇಲೆ ತಪ್ಪಿಲ್ಲದೆ ನನ್ನ ಬಾಯಿಂದ ಆ ಪದ ಬರಕೂಡದು. ಹಿಂದಿನ ಕ್ಯಾಮೆರಾದ ಕಾಡಿಗೆಯನ್ನು ಒದ್ದೆಬಟ್ಟೆಯಿಂದ ನಾನೇ ಒರೆಸಿ ಥಳಥಳಿಸುವಂತೆ ಮಾಡಿದೆ.

ಭಾನುವಾರ ಬೆಳಿಗ್ಗೆ ನಮ್ಮವರು ಕಾರನ್ನು ಗೇಟಿನಿಂದ ಹಿಂದಕ್ಕೆ ತೆಗೆಯುತ್ತಿದ್ದರು. ನಾನು ಹಿಂದೆ ನಿಂತು, ‘ಬನ್ನಿ, ಬನ್ನಿ, ಸಾಕು... ಸಾಕೂ ರೀ!’ ಎನ್ನುತ್ತಿದ್ದೆ. ಅವರು ಬಂದರು, ಬಂದರು, ಬಂದು ನನ್ನ ಕೆಂಪು ದಾಸವಾಳದ ಕುಂಡಕ್ಕೆ ಧಡ್ ಎಂದು ಗುದ್ದಿದರು. ಕುಂಡ ಎರಡು ಹೋಳಾಯಿತು. ಅವರು ಕಿಟಕಿಯಿಂದ ತಲೆ ಹೊರಹಾಕಿದರು. ನಾನು ಎರಡೂ ಕೈಯನ್ನು ಎದೆಗೊತ್ತಿಕೊಂಡು ಏನೆಂದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ನಮ್ಮವರು ದೊಡ್ಡ ಮನಸ್ಸಿನಿಂದ, ‘ಇರ್ಲಿ ಬಿಡು’ ಎಂದು ನನ್ನನ್ನು ಕ್ಷಮಿಸಿ ಹೊರಟುಹೋದರು. ಆ ದೃಶ್ಯ ಫೋನಿನಲ್ಲಿ ಈಗಲೂ ಇದೆ. ನಾನು ಅಷ್ಟು ಚೆನ್ನಾಗಿ ಒರೆಸಿದ್ದರಿಂದ ನನ್ನ ತುಟಿ ಆಡಿದ್ದು ಒಂದಕ್ಷರವೂ ಬಿಡದೆ ಕಾಣುತ್ತದೆ.

ಮರುದಿನ ನಾಗಮಂಗಲಕ್ಕೆ ಹೊರಟಾಗ ಮೊಳೆಯಿಂದ ಕೀಲಿ ತೆಗೆದುಕೊಂಡೆ. ಕಾರಿನ ಬಾಗಿಲು ತೆರೆದವಳು ಏನೋ ನೆನಪಾಗಿ ಮತ್ತೆ ಒಳಗೆ ಬಂದು ಕೇಳಿದೆ: ‘ಅತ್ತೆ, ನಿಮ್ಮ ಕಾಡಿಗೆ ಡಬ್ಬಿ ಎಲ್ಲಿದೆ?’